ಇನ್ನೂರ ಹನ್ನೆರಡನೇ ಜಾಗ

ನಮ್ಮ ಆಟದಲ್ಲಿ ಹಾರಲು ಇಚ್ಛಿಸುವವರು ಮೊದಲು ನಕ್ಷೆಯಲ್ಲಿರುವ ಇನ್ನೂರ ಹನ್ನೆರಡು ಜಾಗಗಳನ್ನೂ ಕಾಲ್ನಡಿಗೆಯಲ್ಲಿ ನೋಡಿ ಮುಗಿಸಿರತಕ್ಕದ್ದು. ಇದು ನಿಯಮ ಹದಿನೇಳು. ಎಲ್ಲವನ್ನೂ ನಡೆದು ನೋಡಿದವರು ಆಮೇಲೆ ಹಾರಿ ಎಲ್ಲಿಗೆ ಹೋಗಬೇಕು ಎಂಬುದನ್ನು ನಿಯಮ ಹೇಳುವುದಿಲ್ಲ. ಅದು ಆಟಗಾರರ ಸ್ವಂತ ವಿಚಾರ.

ಆಟ ಕಂಪ್ಯೂಟರಿನದು. ಸಾವಿರಾರು ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಒಂದೇ ಲೋಕದಲ್ಲಿ ಓಡಾಡುತ್ತಾರೆ, ಮೀನು ಹಿಡಿಯುತ್ತಾರೆ, ಮನೆ ಕಟ್ಟುತ್ತಾರೆ, ಜಗಳವಾಡುತ್ತಾರೆ. ಹಾರಾಟದ ಅನುಮತಿ ಸಿಕ್ಕವರಿಗೆ ಒಂದು ದೊಡ್ಡ ಹಕ್ಕಿ ಸಿಗುತ್ತದೆ. ಅನುಮತಿ ಕೊಡುವುದು ಹಾರಾಟ ವಿಭಾಗ. ವಿಭಾಗದಲ್ಲಿ ಎರಡು ಮೇಜು, ಒಂದು ಕಿಟಕಿ. ಕಿಟಕಿಯ ಪಕ್ಕದ ಮೇಜು ನಿಯಮಾಧಿಕಾರಿಯವರದು, ಇನ್ನೊಂದು ನನ್ನದು. ನಾನು ಭೌತಶಾಸ್ತ್ರ ಓದಿದವಳು. ಹಾರಾಟ ವಿಭಾಗಕ್ಕೆ ಭೌತಶಾಸ್ತ್ರ ಬೇಕಾಗುತ್ತದೆ ಎಂದು ಸಂದರ್ಶನದಲ್ಲಿ ನಿರ್ದೇಶಕರು ನಂಬಿದ್ದರು. ನಾನು ತಿದ್ದಲಿಲ್ಲ.

ಮೊದಲ ತಿಂಗಳು ಅನುಮತಿ ಬೇಕಿರಲಿಲ್ಲ. ಸೇರಿದವರೆಲ್ಲ ಹಾರಿದರು. ನಕ್ಷೆಗಾರರು ಎರಡು ವರ್ಷ ಕೂತು ಬರೆದಿದ್ದ ಸೇತುವೆ, ಬಾವಿಕಟ್ಟೆ, ಮರಕ್ಕೊಂದರಂತೆ ಬೇರೆ ಬೇರೆ ಹಕ್ಕಿಗೂಡು ಯಾವುದನ್ನೂ ಯಾರೂ ನೋಡಲಿಲ್ಲ. ನಕ್ಷೆಗಾರರು ಊಟದ ಕೋಣೆಯಲ್ಲಿ ಎಲ್ಲರ ಎದುರು ಅತ್ತರು. ನಿರ್ದೇಶಕರಿಗೆ ಅಳುವವರನ್ನು ಕಂಡರೆ ಆಗದು. ಅಂದೇ ಮಧ್ಯಾಹ್ನ ನಿಯಮ ಹದಿನೇಳು ಹುಟ್ಟಿತು. 'ಇನ್ನೂರ ಹನ್ನೆರಡು ಜಾಗ, ಒಂದೇ ಆಕಾಶ' ಎಂಬ ಭಿತ್ತಿಚಿತ್ರ ಎಲ್ಲ ಕಡೆ ಮೆತ್ತಿಕೊಂಡಿತು. ಅದಾಗಲೇ ಹಾರುತ್ತಿದ್ದವರನ್ನು ಕೆಳಗಿಳಿಸಿದರೆ ಆಟವನ್ನೇ ಬಿಟ್ಟುಹೋಗುತ್ತಾರೆಂದು ಅವರಿಗೆ ವಿನಾಯಿತಿ ದೊರಕಿತು. ಕಡತದಲ್ಲಿ ಅವರ ಹೆಸರು 'ಪೂರ್ವಾನುಮತರು'.

ನನ್ನ ಅಮ್ಮ ಪೂರ್ವಾನುಮತಳು. ನೌಕರರೆಲ್ಲ ಮನೆಗೊಬ್ಬರನ್ನು ಆಟಕ್ಕೆ ಸೇರಿಸಬೇಕೆಂದು ಆ ತಿಂಗಳು ಸುತ್ತೋಲೆ ಬಂದಿತ್ತು. ಅಮ್ಮ ಮೊದಲು ಬೈದಳು, ಆಮೇಲೆ ಹಾರಿದಳು, ಒಂದು ವಾರದೊಳಗೆ ಗಾಳಿಯಲ್ಲಿ ತೇಲುವ ಒಂದು ಬಂಡೆಯ ಮೇಲೆ ಎರಡು ಕೋಣೆಯ ಮನೆ ಕಟ್ಟಿದಳು. ಅಲ್ಲಿ ನೆರೆಹೊರೆ ಇಲ್ಲ, ಅದಕ್ಕೇ ನೆಮ್ಮದಿ ಎಂದಳು.

ಕಳೆದ ಚೈತ್ರ ತ್ರೈಮಾಸಿಕದಲ್ಲಿ ನನ್ನ ಮೇಜಿಗೆ ಒಂದು ಅರ್ಜಿ ಬಂತು. ಅರ್ಜಿದಾರರು ವೃತ್ತಿಯಿಂದ ದರ್ಜಿ. ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಖುದ್ದಾಗಿ ಬಂದಿದ್ದರು. ಅವರು ನನ್ನ ಚಿಕ್ಕಮ್ಮ. ಈ ಸಂಬಂಧವನ್ನು ನಾನು ನಮೂನೆ ಎಂಟರಲ್ಲಿ ಘೋಷಿಸಿ, ನಂತರವೇ ಅವರನ್ನು ಕೂರಲು ಹೇಳಿದೆ.

"ಅಷ್ಟು ಹೊತ್ತು ನಿಲ್ಲಿಸ್ತೀಯಲ್ಲೇ ಪುಟ್ಟಿ, ನಿನಗೆ ಲಂಗ ಹೊಲಿದು ಹೊಲಿದು ನನ್ನ ಬೆನ್ನು ಬಗ್ಗಿದೆ," ಎಂದರು.

ಅಮ್ಮ ಮತ್ತು ಚಿಕ್ಕಮ್ಮ ಮಾತು ಬಿಟ್ಟು ಮೂರು ವರ್ಷ. ಒಂದು ಮದುವೆಯ ಮನೆಯಲ್ಲಿ, ಚಿಕ್ಕಮ್ಮ ಹೊಲಿದುಕೊಟ್ಟ ಅಂಗಿಯ ತೋಳು ಬಿಗಿ ಎಂದು ಅಮ್ಮ ಹತ್ತು ಜನರ ಎದುರು ಹೇಳಿದಳು. ಹೊಲಿಗೆ ಸರಿಯಾಗೇ ಇದೆ, ದಪ್ಪಗಾದದ್ದು ನೀನು ಎಂದು ಚಿಕ್ಕಮ್ಮ ಇಪ್ಪತ್ತು ಜನರ ಎದುರು ಉತ್ತರಿಸಿದರು. ಅಲ್ಲಿಗೆ ಮುಗಿಯಿತು. ಚಿಕ್ಕಮ್ಮನ ಅಂಗಡಿ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಆದರೆ ಯಾರು ಯಾರ ಹೊಸ್ತಿಲು ತುಳಿದರೂ ಸೋತವರು ಯಾರೆಂದು ಬೀದಿಗೆ ಬೀದಿಯೇ ಲೆಕ್ಕ ಹಾಕುತ್ತದೆ. ಆದ್ದರಿಂದ ಅಮ್ಮ ನನ್ನ ಮೂಲಕ ಒಂದು ಮಾತು ಹೇಳಿಕಳಿಸಿದ್ದಳು: ಮೇಲಿನ ಮನೆಗೆ ಬಂದು ಬಾಗಿಲು ತಟ್ಟಲಿ, ತೆಗೆಯುತ್ತೇನೆ.

ಚಿಕ್ಕಮ್ಮ ಆಟಕ್ಕೆ ಸೇರಿದ್ದು ಈ ಒಂದು ಬಾಗಿಲು ತಟ್ಟಲಿಕ್ಕೆ. ನಿಯಮದ ಪ್ರಕಾರ ಹದಿನಾಲ್ಕು ತಿಂಗಳು ನಡೆದಿದ್ದರು. ಅಂಗಡಿಯಲ್ಲಿ ಒಂದು ತೋಳು ಹೊಲಿದು ಇನ್ನೊಂದನ್ನು ಹಿಡಿಯುವ ನಡುವೆ ಅರ್ಧ ಗಂಟೆ ಜೌಗು ದಾಟುವುದು, ಕಾಜಾ ಹಾಕಿ ಮುಗಿಸಿ ಒಂದು ಗುಡ್ಡ ಹತ್ತುವುದು. ಅವರು ನಡೆಯುವಾಗ ಅಮ್ಮ ದಿನಾ ಸಂಜೆ ಹಕ್ಕಿಯ ಮೇಲೆ ಎಷ್ಟು ತಗ್ಗಿನಲ್ಲಿ ಬರುತ್ತಿದ್ದಳೆಂದರೆ ಚಿಕ್ಕಮ್ಮನ ಟೋಪಿ ಹಾರಿಹೋಗುತ್ತಿತ್ತು. ಮಾತಿಲ್ಲ. ಟೋಪಿ ಮಾತ್ರ.

ನಾನು ಕಡತ ತೆರೆದು ಪರಿಶೀಲಿಸಿದೆ. ನೋಡಿದ ಜಾಗಗಳು ಇನ್ನೂರ ಹನ್ನೊಂದು. ಬಾಕಿ ಒಂದು. ಅದರ ಹೆಸರು ಒಂಟಿಬಂಡೆ. ಅಮ್ಮನ ಮನೆಯಿದ್ದದ್ದು ಅದರ ಮೇಲೆಯೇ.

"ಒಂಟಿಬಂಡೆಗೆ ಕಾಲ್ನಡಿಗೆಯಲ್ಲಿ ಹೋಗಿ ಬನ್ನಿ, ಅನುಮತಿ ಸಿಗುತ್ತದೆ," ಎಂದೆ.

"ಅದು ನೆಲದಿಂದ ನಲವತ್ತು ಮಾರು ಮೇಲಿದೆ ಕಣೇ. ನಾನು ಕೆಳಗೆ ನಿಂತು ಅಳೆದಿದ್ದೀನಿ. ಹಾರಿದರೆ ಮಾತ್ರ ಮುಟ್ಟಬಹುದು."

"ಹಾರಲು ಮೊದಲು ಅದನ್ನು ಮುಟ್ಟಿರಬೇಕು."

ಚಿಕ್ಕಮ್ಮ ಕೊರಳಿನ ಅಳತೆಪಟ್ಟಿ ತೆಗೆದು ಸುತ್ತಿಟ್ಟರು. "ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ," ಎಂದರು. ನಾನು ಅದನ್ನು 'ಅರ್ಜಿದಾರರ ಹೇಳಿಕೆ' ಕಲಮಿನಲ್ಲಿ ಬರೆದುಕೊಂಡೆ.

ಮರುದಿನ ಸಭೆ ಕೂಡಿತು. ಒಂಟಿಬಂಡೆಯ ಕೆಳಗೆ ಮೊದಲು ಒಂದು ಬೆಟ್ಟವಿತ್ತು, ಮೆಟ್ಟಿಲೂ ಇದ್ದವು ಎಂದು ನಕ್ಷೆಗಾರರು ತಿಳಿಸಿದರು. ಆಟ ಬಿಡುಗಡೆಯಾಗುವ ಮೊದಲೇ, ಅದರ ಭಿತ್ತಿಚಿತ್ರಕ್ಕೆ ಸೂರ್ಯಾಸ್ತ ಬೇಕಾದಾಗ ಬೆಟ್ಟ ಅಡ್ಡ ಬರುತ್ತದೆ, ತೆಗೆಯಿರಿ ಎಂದು ನಿರ್ದೇಶಕರು ಹೇಳಿದ್ದರು. ನಕ್ಷೆಗಾರರು ಬೆಟ್ಟ ತೆಗೆದರು. ತುದಿಗೆ ಜಾಗದ ಸಂಖ್ಯೆ ನಮೂದಾಗಿತ್ತು. ನಮೂದಾದದ್ದನ್ನು ತೆಗೆಯಲು ಲಿಖಿತ ಆದೇಶ ಬೇಕು, ಬಂದಿರಲಿಲ್ಲ. ಆದ್ದರಿಂದ ತುದಿ ಅಲ್ಲೇ ನಿಂತಿತು.

ಇದೇ ಒಂದು ಜಾಗ ಬಾಕಿ ಉಳಿದವರು ಒಟ್ಟು ಆರು ಸಾವಿರದ ನೂರ ನಲವತ್ತು ಜನ ಎಂದು ನಾನು ವರದಿ ಕೊಟ್ಟೆ. ನಿಯಮ ಹದಿನೇಳರ ಅಡಿಯಲ್ಲಿ ಈವರೆಗೆ ಅನುಮತಿ ಪಡೆದವರ ಸಂಖ್ಯೆ ಸೊನ್ನೆ. ಇಷ್ಟು ದಿನ ಯಾರೂ ದೂರು ಕೊಟ್ಟಿರಲಿಲ್ಲವೇ ಎಂದು ನಿರ್ದೇಶಕರು ಕೇಳಿದರು. ಕೊಟ್ಟಿದ್ದರು. 'ಇನ್ನಷ್ಟು ಶ್ರದ್ಧೆಯಿಂದ ನಡೆಯಿರಿ' ಎಂದು ಸಹಾಯವಾಣಿ ಎಲ್ಲರಿಗೂ ಉತ್ತರಿಸಿತ್ತು. ಶ್ರದ್ಧೆ ಕಡಿಮೆಯಾಯಿತೇನೋ ಎಂದು ಹಲವರು ಮೊದಲಿನಿಂದ ಮತ್ತೆ ನಡೆದಿದ್ದರು.

ಬೆಟ್ಟವನ್ನು ಮತ್ತೆ ಇಡಬಹುದು ಎಂದು ನಕ್ಷೆಗಾರರು ಮೆಲ್ಲಗೆ ಹೇಳಿದರು. ಸೂರ್ಯಾಸ್ತ ಹೋಗುತ್ತದೆ ಎಂದರು ನಿರ್ದೇಶಕರು. ಜಾಗವನ್ನು ಪಟ್ಟಿಯಿಂದ ಬಿಡಬಹುದು ಎಂದೆ ನಾನು. ಭಿತ್ತಿಚಿತ್ರದಲ್ಲಿ ಇನ್ನೂರ ಹನ್ನೆರಡು ಎಂದಿದೆ ಎಂದರು ನಿಯಮಾಧಿಕಾರಿ. ಕಾನೂನು ಸಲಹೆಗಾರರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದರು: ತಪ್ಪಾಗಿದೆ ಎನ್ನುವುದು ತಪ್ಪು, ಆಗಿಲ್ಲ ಎನ್ನುವುದೂ ತಪ್ಪು, ಏನಾದರೂ ಪ್ರಕಟಿಸುವುದು ಒಳ್ಳೆಯದು. ಪ್ರಕಟಿಸಲಾಯಿತು.

'ಪ್ರಕಟಣೆ: ಒಂಟಿಬಂಡೆಗೆ ತೆರಳಲು ಅನುಕೂಲವಾಗುವಂತೆ ಅರ್ಹ ಆಟಗಾರರಿಗೆ ಒಂದು ಬಾರಿಯ ತಾತ್ಕಾಲಿಕ ಹಾರಾಟ ಪರವಾನಗಿ ನೀಡಲಾಗುವುದು. ಸುರಕ್ಷತೆಯ ದೃಷ್ಟಿಯಿಂದ, ಅರ್ಜಿದಾರರು ಹಿಂದೆ ಹಾರಿದ ಅನುಭವದ ಪ್ರಮಾಣಪತ್ರ ಲಗತ್ತಿಸತಕ್ಕದ್ದು. ಇನ್ನೊಬ್ಬರ ಹಕ್ಕಿಯ ಮೇಲೆ ಹಿಂದೆ ಕೂತು ಬರಲು ಅಡ್ಡಿಯಿಲ್ಲ. ಇಬ್ಬರಿಗೂ ಹಾರಾಟದ ಅನುಮತಿ ಇರತಕ್ಕದ್ದು. ಅರ್ಜಿದಾರರು ಬಂಡೆಯ ಕೆಳಗೆ ಸಾಲಾಗಿ ನಿಲ್ಲತಕ್ಕದ್ದು.'

ಪ್ರಕಟಣೆಯ ಕೊನೆಯ ವಾಕ್ಯ ಎಲ್ಲರಿಗೂ ಅರ್ಥವಾಯಿತು. ಸಂಜೆಯೊಳಗೆ ಬಂಡೆಯ ಕೆಳಗೆ ಸಾಲು ನಿಂತಿತು. ಅಲ್ಲಿ ನೆರಳಿಲ್ಲವೆಂದು ಗಮನಿಸಿದ ಮಾರಾಟ ವಿಭಾಗ ಮರುದಿನವೇ ಕೊಡೆಗಳನ್ನು ಬಿಡುಗಡೆ ಮಾಡಿತು. ನೆರಳು ಕೆಲಸ ಮಾಡಲಿ ಎಂದು ಬಿಸಿಲನ್ನು ಸ್ವಲ್ಪ ಹೆಚ್ಚಿಸಲು ನಕ್ಷೆಗಾರರಿಗೆ ಆದೇಶ ಬಂತು. ಈ ಸಲ ಅದು ಲಿಖಿತವಾಗಿತ್ತು. ವಾರದೊಳಗೆ ಸಾಲು ನಮ್ಮ ಲೋಕದ ಅತಿ ದೊಡ್ಡ ಊರಾಯಿತು. ಸಾಲಿನಲ್ಲೇ ಇಬ್ಬರು ಪರಿಚಯವಾಗಿ ಮದುವೆಯಾದರು, ಸಾಲು ತಪ್ಪದಂತೆ ಹಿಂದೆ ಮುಂದೆ ನಿಂತೇ.

ಚಿಕ್ಕಮ್ಮ ಸಾಲಿನ ಮೊದಲಿಗರು. ಅವರ ಕೊಡೆ ಹಳದಿ.

ಒಂದು ಭಾನುವಾರ ಮಧ್ಯಾಹ್ನ ಅಮ್ಮ ಊಟಕ್ಕೆ ಬಡಿಸಿ, ತಾನು ಮಾತ್ರ ಕಂಪ್ಯೂಟರಿನ ಮುಂದೆಯೇ ಕೂತಿದ್ದಳು. ಆಟದ ಮನೆಯ ಕಿಟಕಿಯಿಂದ ಕೆಳಗೆ ನೋಡುತ್ತಿದ್ದಳು.

"ಆ ಹಳದಿ ಕೊಡೆ ಅವಳದೇ ತಾನೆ?"

ಆಟಗಾರರ ವಿವರ ಹೊರಗಿನವರಿಗೆ ಕೊಡುವಂತಿಲ್ಲ ಎಂದೆ.

"ಅವಳದೇ. ಹಳದಿ ಅಂದರೆ ಪ್ರಾಣ ಅವಳಿಗೆ. ಹನ್ನೊಂದು ದಿನದಿಂದ ನಿಂತಿದ್ದಾಳೆ."

ಹಾಗಾದರೆ ಕೆಳಗಿಳಿದು ಮಾತಾಡಬಹುದಲ್ಲ ಎಂದೆ. ಆರು ಸಾವಿರ ಜನರ ಎದುರು ನಾನು ಇಳೀಬೇಕಾ ಎಂದು ಅಮ್ಮ ಕೇಳಿದಳು. ಮದುವೆಯ ಮನೆಯಲ್ಲಿದ್ದವರು ಮೂವತ್ತೇ ಜನ, ಅದನ್ನೇ ಇನ್ನೂ ಮರೆತಿಲ್ಲವಂತೆ. ಆಮೇಲೆ, "ನನ್ನ ಹಕ್ಕಿಯನ್ನ ಅವಳಿಗೆ ಕೊಡೋಕೆ ಆಗುತ್ತಾ? ನಾನು ಕೊಟ್ಟೆ ಅಂತ ಗೊತ್ತಾಗಬಾರದು," ಎಂದಳು.

ಆಗುತ್ತಿತ್ತು. ನಿಯಮ ಮೂವತ್ತೊಂದರ ಪ್ರಕಾರ ಪೂರ್ವಾನುಮತರು ತಮ್ಮ ಹಕ್ಕನ್ನು ರಕ್ತಸಂಬಂಧಿಗೆ ಒಪ್ಪಿಸಬಹುದು. ಹಾರುವುದನ್ನು ಬಿಟ್ಟುಕೊಡುವವರು ಲೋಕದಲ್ಲಿ ಯಾರೂ ಇರಲಾರರೆಂಬ ಭರವಸೆಯಿಂದ ಅದನ್ನು ಬರೆಯಲಾಗಿತ್ತು. ನಮೂನೆ ಹದಿನಾಲ್ಕನ್ನು ನಾನೇ ತುಂಬಿದೆ. ಅನುಬಂಧವನ್ನು ಗಟ್ಟಿಯಾಗಿ ಓದಿ ಹೇಳುವುದು ಕಡ್ಡಾಯ. ಓದಿದೆ. ಅಮ್ಮ ಹಳದಿ ಕೊಡೆಯನ್ನೇ ನೋಡುತ್ತ "ಹೂಂ" ಎಂದಳು. ಅದನ್ನು ಸಮ್ಮತಿ ಎಂದು ದಾಖಲಿಸಿದೆ.

ಸೋಮವಾರ ಹತ್ತೂವರೆಗೆ ಚಿಕ್ಕಮ್ಮನಿಗೆ ಹಕ್ಕಿ ಸಿಕ್ಕಿತು. ವಿಭಾಗದ ವಿವೇಚನೆಯ ಮೇರೆಗೆ ಎಂದಷ್ಟೇ ಪತ್ರದಲ್ಲಿತ್ತು. ಅಂಗಡಿಯಲ್ಲಿ ಗಿರಾಕಿಯೊಬ್ಬರ ಅಳತೆ ಅರ್ಧಕ್ಕೆ ಬಿಟ್ಟು ಅವರು ಕಂಪ್ಯೂಟರಿಗೆ ಬಂದರಂತೆ. ಆರು ಸಾವಿರದ ನೂರ ಮೂವತ್ತೊಂಬತ್ತು ಕೊಡೆಗಳು ಮೇಲಕ್ಕೆ ತಿರುಗಿದವು. ಚಿಕ್ಕಮ್ಮ ನಲವತ್ತು ಮಾರು ಏರಿ, ಒಂಟಿಬಂಡೆಯ ಮೇಲೆ ಇಳಿದು, ಟೋಪಿ ಸರಿಮಾಡಿಕೊಂಡು, ಬಾಗಿಲು ತಟ್ಟಿದರು.

ಯಾರೂ ತೆಗೆಯಲಿಲ್ಲ.

ಅನುಬಂಧ ಎರಡರ ಪ್ರಕಾರ, ಹಕ್ಕು ಒಪ್ಪಿಸಿದವರು ಆಟ ಶುರುವಾಗುವ ಬಾವಿಕಟ್ಟೆಗೆ ಹಿಂದಿರುಗತಕ್ಕದ್ದು. ಅವರು ನೋಡಿದ ಜಾಗಗಳ ಸಂಖ್ಯೆ ಸೊನ್ನೆಯಿಂದ ಆರಂಭವಾಗತಕ್ಕದ್ದು. ಅಮ್ಮ ಬಾವಿಕಟ್ಟೆಯಲ್ಲಿ ನಿಂತು ನನಗೆ ಫೋನು ಮಾಡಿದಳು.

"ಅವಳು ಬಾಗಿಲು ತಟ್ಟಿದಾಗ ತೆಗೆಯೋಕೆ ನಾನೇ ಇಲ್ವಲ್ಲೇ."

ಅನುಬಂಧ ಓದಿ ಹೇಳಿದ್ದೆನೆಂದು ನೆನಪಿಸಿದೆ. ಅಮ್ಮ ಫೋನಿಟ್ಟಳು.

ಅದೇ ಕ್ಷಣ ನನ್ನ ಪರದೆಯಲ್ಲಿ ಒಂದು ಸೂಚನೆ ಬಂತು. ಅರ್ಜಿದಾರರು ಇನ್ನೂರ ಹನ್ನೆರಡು ಜಾಗಗಳನ್ನೂ ಪೂರೈಸಿದ್ದಾರೆ, ಹಾರಾಟದ ಅನುಮತಿಗೆ ಅರ್ಹರು. ಹಕ್ಕಿಯಿಂದಿಳಿದು ಬಾಗಿಲಿನವರೆಗೆ ಇಟ್ಟ ನಾಲ್ಕು ಹೆಜ್ಜೆ ಕಾಲ್ನಡಿಗೆಯ ಲೆಕ್ಕಕ್ಕೆ ಬಂದಿತ್ತು. ಅವರಿಗೆ ಅದಾಗಲೇ ಅನುಮತಿ ಇತ್ತು, ಒಬ್ಬರಿಗೆ ಎರಡು ಕೊಡುವಂತಿಲ್ಲ. ಎರಡನೆಯದನ್ನು ಅಮ್ಮನಿಗೆ ಕೊಡೋಣವೆಂದರೆ ಅವಳು ನೋಡಿದ ಜಾಗ ಒಂದೂ ಇಲ್ಲ. ನಿಯಮಾಧಿಕಾರಿ ಎರಡನೆಯ ಅನುಮತಿಯನ್ನು ಚೌಕಟ್ಟು ಹಾಕಿಸಿ ಕಿಟಕಿಯ ಪಕ್ಕ ತೂಗುಹಾಕಿದರು. ನಿಯಮ ಹದಿನೇಳು ಪಾಲಿಸಲು ಸಾಧ್ಯವೆಂಬುದಕ್ಕೆ ಅದು ಸಾಕ್ಷಿ. ನಿರ್ದೇಶಕರು ಎಲ್ಲರಿಗೂ ಬಿಸ್ಕತ್ತು ಹಂಚಿ, ಶ್ರದ್ಧೆಯಿಂದ ನಡೆದರೆ ಹಾರಬಹುದು ಎಂದು ಚಿಕ್ಕದಾಗಿ ಭಾಷಣ ಮಾಡಿದರು. ನಕ್ಷೆಗಾರರು ಮತ್ತೆ ಅತ್ತರು, ಈ ಸಲ ಸಂತೋಷಕ್ಕೆ ಎಂದು ನಿರ್ದೇಶಕರು ತೀರ್ಮಾನಿಸಿದರು.

ಆ ಸಂಜೆ ಅಮ್ಮ ಬಾವಿಕಟ್ಟೆಯಿಂದ ಮೊದಲನೇ ಜಾಗದ ಕಡೆ ನಡೆಯುತ್ತಿದ್ದಾಗ ತಲೆಯ ಮೇಲೆ ರೆಕ್ಕೆಯ ಸದ್ದಾಯಿತು. ಅವಳ ಟೋಪಿ ಹಾರಿಹೋಯಿತು. ಹಕ್ಕಿ ಒಂದು ಸುತ್ತು ಹಾಕಿ ಮತ್ತೆ ತಗ್ಗಿನಲ್ಲಿ ಬಂತು.

"ಏನಕ್ಕಾ, ಕಾಲು ನೋಯ್ತಿದೆಯಾ?" ಎಂದರು ಚಿಕ್ಕಮ್ಮ. ಮೂರು ವರ್ಷಗಳಲ್ಲಿ ಮೊದಲ ಮಾತು. "ಮುಂದೆ ಜೌಗು ಬರುತ್ತೆ, ಎಡಗಡೆಗೆ ಹೋಗಬೇಡ. ನಾನು ಅಲ್ಲಿ ಎರಡು ದಿನ ಹೂತುಹೋಗಿದ್ದೆ."

"ನಿನ್ನನ್ನ ಯಾರು ಕೇಳಿದ್ರು?" ಎಂದಳು ಅಮ್ಮ. ಆದರೆ ಬಲಗಡೆಗೆ ಹೋದಳು.

ಈಗ ದಿನಾ ಸಂಜೆ ಇಬ್ಬರೂ ಎರಡು ಗಂಟೆ ಮಾತಾಡುತ್ತಾರೆ. ಅಮ್ಮ ನಡೆಯುತ್ತಾಳೆ, ಚಿಕ್ಕಮ್ಮ ಮೇಲೆ ಸುತ್ತುತ್ತ ದಾರಿಯನ್ನೂ ಜೊತೆಗೆ ತಪ್ಪುಗಳನ್ನೂ ತೋರಿಸುತ್ತಾರೆ. ಅಮ್ಮನ ಜಾಗಗಳ ಸಂಖ್ಯೆ ಮೂವತ್ತೇಳು. ಮುಂದೆ ಇನ್ನೂರ ಹನ್ನೊಂದಾದಾಗ ಏನು ಮಾಡುವುದು ಎಂದು ಕೇಳಿದ್ದಕ್ಕೆ, ಆಗ ನಾನು ಹಕ್ಕಿ ಒಪ್ಪಿಸಿ ಬಾವಿಕಟ್ಟೆಗೆ ಹೋಗ್ತೀನಿ, ಅವಳು ಸುತ್ತಲಿ ಎಂದರು ಚಿಕ್ಕಮ್ಮ. ಈ ಕ್ರಮವನ್ನು ವಿಭಾಗ ಅನುಮೋದಿಸಿ ಎಲ್ಲ ಆಟಗಾರರಿಗೂ ಮಾದರಿಯೆಂದು ಪ್ರಕಟಿಸಿದೆ. ಸಾಲಿನಲ್ಲಿರುವವರು ಹಕ್ಕಿಯಿರುವ ಅಣ್ಣ, ಅತ್ತೆ, ದಾಯಾದಿಗಳನ್ನು ಹುಡುಕುತ್ತಿದ್ದಾರೆ. ಹಳೆಯ ಜಗಳಗಳು ರಾಜಿಯಾಗುತ್ತಿವೆ ಎಂದು ವರದಿಗಳು ಬಂದಿವೆ. ಕೊಡೆಗಳ ಎರಡನೇ ಕಂತು ಬಿಡುಗಡೆಯಾಗಿದೆ.

ಹೋದ ವಾರ ಚಿಕ್ಕಮ್ಮ ನನ್ನ ಕೈಗೆ ಕಾಗದದಲ್ಲಿ ಸುತ್ತಿದ ಒಂದು ಅಂಗಿ ಕೊಟ್ಟರು. ತೋಳನ್ನು ಅರ್ಧ ಇಂಚು ಸಡಿಲ ಬಿಟ್ಟಿದ್ದರು. ನಾನು ಅದನ್ನು ಅಂಗಡಿಯಿಂದ ಮನೆಗೆ, ಎರಡು ಬೀದಿ, ಕಾಲ್ನಡಿಗೆಯಲ್ಲಿ ತಲುಪಿಸಿದೆ. ಅಮ್ಮ ತೊಟ್ಟು ನೋಡಿ, ಸರಿಯಾಗಿದೆ ಅಂತ ನಾಳೆ ಜೌಗಿನ ಹತ್ತಿರ ಹೇಳ್ತೀನಿ ಎಂದಳು.

ಆ ಎರಡು ಬೀದಿಗಳಿಗೆ ಸಂಬಂಧಿಸಿದಂತೆ ಈವರೆಗೆ ವಿಭಾಗಕ್ಕೆ ಯಾವ ಅರ್ಜಿಯೂ ಬಂದಿಲ್ಲ.