ಗೋಡೆಯಿಂದ ಬಿಡಿಸಿದ ಮೇಕೆಯನ್ನು ಮತ್ತೆ ಸಿಕ್ಕಿಸಿಕೊಡುವಂತೆ ಕೋರಿ

ಗಿರಣಿಹಳ್ಳಿ ಎಂಬ ಆನ್‌ಲೈನ್ ಆಟವನ್ನು ಕಟ್ಟಿ, ಒಡೆದು, ಒಡೆದದ್ದಕ್ಕೆ ಸುಧಾರಣೆ ಎಂದು ಹೆಸರಿಟ್ಟು ನಮ್ಮನ್ನು ಉದ್ಧರಿಸುತ್ತಿರುವ ಕಂಪನಿಯ ಸಮಸ್ತ ಮಹನೀಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕುರ್ಚಿಗಳ ಚಕ್ರಗಳು ಸದಾ ಸುಗಮವಾಗಿ ಉರುಳಲಿ, ತಮ್ಮ ಕಚೇರಿಯ ಕಾಫಿ ಯಂತ್ರ ಎಂದೂ ಕೆಡದಿರಲಿ ಎಂದು ಮನಸಾರೆ ಹಾರೈಸುತ್ತಾ, ಒಂಬತ್ತು ವರ್ಷ ನಾಲ್ಕು ತಿಂಗಳಿಂದ ತಮ್ಮ ಆಟವನ್ನು ಆಡುತ್ತಿರುವ, ವೃತ್ತಿಯಿಂದ ಕನ್ನಡಕ ಮಾಡುವವಳಾದ, ಆಟದೊಳಗೆ ಚಿಮಟ ಎಂಬ ಹೆಸರಿನಿಂದ ಓಡಾಡುವ ನಾನು ತಲೆಬಾಗಿ ಮಾಡಿಕೊಳ್ಳುವ ವಿಜ್ಞಾಪನೆ ಏನೆಂದರೆ, ದಯವಿಟ್ಟು ನಮ್ಮ ಮೇಕೆಯನ್ನು ವಾಪಸು ಗೋಡೆಗೆ ಸಿಕ್ಕಿಸಿಕೊಡಿ.

ಈ ಪತ್ರವನ್ನು ಆಟದ ಸೂಚನಾ ಫಲಕದಲ್ಲಿ ಮಾತ್ರವಲ್ಲದೆ ನನ್ನ ಅಂಗಡಿಯ ಮುಂಬಾಗಿಲ ಗಾಜಿಗೂ ಅಂಟಿಸಲಿರುವುದರಿಂದ, ಆಟದ ಗಂಧಗಾಳಿ ಇಲ್ಲದ ದಾರಿಹೋಕರ ಅನುಕೂಲಕ್ಕಾಗಿ ಮೇಕೆಯ ಪೂರ್ವಚರಿತ್ರೆಯನ್ನು ಹೇಳಿಬಿಡುತ್ತೇನೆ. ಗಿರಣಿಹಳ್ಳಿಯಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದು ತುಂಡು ಹೊಲ ಉತ್ತು, ಮೂಲಂಗಿ ಬೆಳೆದು, ಗುಡ್ಡದಾಚೆಯ ದೆವ್ವಗಳ ಜೊತೆ ಹೊಡೆದಾಡಿ ಬರಬೇಕು. ಊರ ನಡುವಿನ ಹಿಟ್ಟಿನ ಗಿರಣಿಯ ಹಿಂಗೋಡೆಯಲ್ಲಿ, ಆಟ ಶುರುವಾದ ದಿನವೇ ತಮ್ಮಲ್ಲಿ ಯಾರೋ ಒಬ್ಬರ ಕೈತಪ್ಪಿನಿಂದಾಗಿ, ಒಂದು ಮೇಕೆ ಮೂತಿಯಿಂದ ಹೊಟ್ಟೆಯವರೆಗೆ ಸಿಕ್ಕಿಕೊಂಡು, ಹಿಂಗಾಲು ಮತ್ತು ಬಾಲವನ್ನು ಮಾತ್ರ ಲೋಕಕ್ಕೆ ಬಿಟ್ಟುಕೊಟ್ಟು ನಿಂತಿತ್ತು. ಆಟದಲ್ಲಿ ಬೇರೆಲ್ಲಿ ಏನನ್ನು ನೆಲಕ್ಕಿಟ್ಟರೂ ಹತ್ತು ನಿಮಿಷಕ್ಕೆ ಮಾಯವಾಗುತ್ತದೆ. ಆ ಬಾಲದ ಕೆಳಗೆ ಇಟ್ಟದ್ದು ಮಾತ್ರ, ಅದ್ಯಾವ ಪುಣ್ಯವೋ, ತೆಗೆಯುವವರು ಬರುವ ತನಕ ಹಾಗೇ ಇರುತ್ತಿತ್ತು. ಹಾಗಾಗಿ ಉಳ್ಳವರು ಅಲ್ಲಿ ಮೂಲಂಗಿ ಇಡುವುದು, ಇಲ್ಲದವರು ತೆಗೆದುಕೊಳ್ಳುವುದು, ದೆವ್ವದ ಗುಡ್ಡಕ್ಕೆ ಹೊರಡುವವರು ಬಾಲಕ್ಕೊಂದು ನಮಸ್ಕಾರ ಹಾಕಿ ಹೊರಡುವುದು ಹಳೆಯ ಆಟಗಾರರಲ್ಲಿ ತಾನಾಗಿಯೇ ರೂಢಿಯಾಯಿತು. ಹಲ್ಲಿನ ವೈದ್ಯರೊಬ್ಬರು ದವಡೆ ಹಲ್ಲು ಕೀಳುವ ದಿನ ರೋಗಿಯನ್ನು ಬಾಯಿ ತೆರೆಸಿ ಕೂರಿಸಿ, ಒಂದು ನಿಮಿಷ ಆಟಕ್ಕೆ ಬಂದು ಮೇಕೆಗೆ ನಮಸ್ಕರಿಸಿ ಹೋಗುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಇಂಥ ಮೇಕೆಯನ್ನು ತಾವು ಹನ್ನೆರಡು ದಿನಗಳ ಹಿಂದೆ, ಒಂದು ಸೋಮವಾರ ರಾತ್ರಿ, ಯಾರ ಮಾತನ್ನೂ ಕೇಳದೆ ಬಿಡುಗಡೆ ಮಾಡಿದಿರಿ. ಎಂಥ ಕರುಣೆ, ಎಂಥ ಚುರುಕು! ಮಂಗಳವಾರ ಬಂದು ನೋಡಿದರೆ ಗೋಡೆ ನುಣ್ಣಗಿದೆ, ಮೇಕೆ ಹುಲ್ಲು ಮೇಯುತ್ತಿದೆ, ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅದಕ್ಕೊಂದು ಮುಖವಿದೆ. ಆ ಮುಖ ನಾವು ಊಹಿಸಿಕೊಂಡಿದ್ದಂತೆ ಇರಲಿಲ್ಲ ಎಂಬುದನ್ನು ತುಂಬಾ ನೋವಿನಿಂದ ಹೇಳಬೇಕಾಗಿದೆ. ಹಿಂಬದಿಯಲ್ಲಿದ್ದ ಗಾಂಭೀರ್ಯದ ಒಂದಂಶವೂ ಮುಂಬದಿಯಲ್ಲಿಲ್ಲ. ಯಾರೋ ಪರೀಕ್ಷೆಯಲ್ಲಿ ನಕಲು ಹೊಡೆಯುವಾಗ ಸಿಕ್ಕಿಬಿದ್ದವರ ಮುಖ. ಆದರೂ ಅದು ಬರೀ ಮುಖದ ಮಾತಾಗಿದ್ದರೆ ನಾನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ.

ನನಗೊಬ್ಬ ಅಣ್ಣನಿದ್ದಾನೆ, ಗಡಿಯಾರ ರಿಪೇರಿಯವನು. ಮೊದಲು ಒಂದೇ ಅಂಗಡಿಯಲ್ಲಿ ಎಡಕ್ಕೆ ನಾನು, ಬಲಕ್ಕೆ ಅವನು ಕೂತು ಕೆಲಸ ಮಾಡುತ್ತಿದ್ದೆವು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಬ್ಬರೂ ಗಿರಣಿಹಳ್ಳಿಗೆ ಹೋಗುತ್ತಿದ್ದೆವು. ಅಲ್ಲಿ ಅವನ ಹೆಸರು ಮುಳ್ಳು. ಆರು ವರ್ಷದ ಹಿಂದೆ ಅಂಗಡಿಗೆ ಹೊಸ ಬೋರ್ಡು ಬರೆಸುವಾಗ ಕನ್ನಡಕ ಮೊದಲೋ ಗಡಿಯಾರ ಮೊದಲೋ ಎಂದು ಶುರುವಾದ ಮಾತು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಎರಡು ಜೀವಗಳು ಒಂದೇ ಮನೆಯಲ್ಲಿ ಹುಟ್ಟಿದ್ದರಿಂದ, "ಹಂಗಾದ್ರೆ ನೀನೇ ಇಟ್ಕೋ ನಿನ್ ಅಂಗಡಿ" ಎಂಬಲ್ಲಿಗೆ ಹೋಗಿ ಮುಟ್ಟಿತು. ಅವನು ಆಗಷ್ಟೇ ಬಂದಿದ್ದ ಬೋರ್ಡನ್ನು ಗರಗಸದಿಂದ ಎರಡು ತುಂಡು ಮಾಡಿ, ತನ್ನ ಪಾಲಿನ ಹಲಗೆ ಹೊತ್ತುಕೊಂಡು ಮೂರು ಬೀದಿಯಾಚೆ ಅಂಗಡಿ ಹಾಕಿದ. ನಮ್ಮತ್ತಿಗೆ ಎಷ್ಟು ಹೇಳಿದರೂ ಕೇಳದೆ ಅದನ್ನೇ ತೂಗುಹಾಕಿದ್ದರಿಂದ, ಅವನ ಅಂಗಡಿಯ ಹೆಸರು ಇವತ್ತಿಗೂ "ಮತ್ತು ಗಡಿಯಾರ" ಎಂದೇ ಇದೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮಾತಿಲ್ಲ, ಆದರೆ ಮೂಲಂಗಿ ಇತ್ತು. ಜಗಳವಾದ ಮೂರನೆಯ ದಿನ ನಾನು ಆಟಕ್ಕೆ ಹೋದಾಗ ಮೇಕೆಯ ಬಾಲದ ಕೆಳಗೆ ಒಂದು ಮೂಲಂಗಿ, ಸೊಪ್ಪನ್ನು ಎಡಕ್ಕೆ ತಿರುಗಿಸಿ ಇಟ್ಟಿತ್ತು. ಹಾಗೆ ಇಡುವವನು ನಮ್ಮಣ್ಣ ಒಬ್ಬನೇ, ಏಕೆಂದರೆ ಗಡಿಯಾರದ ಮುಳ್ಳನ್ನು ಬಿಚ್ಚಿ ಮೇಜಿನ ಮೇಲಿಡುವಾಗಲೂ ಅವನು ಹಾಗೇ ಇಡುತ್ತಾನೆ. ನಾನು ಅದನ್ನು ತೆಗೆದುಕೊಂಡು ನನ್ನದೊಂದನ್ನು ಬಲಕ್ಕೆ ತಿರುಗಿಸಿ ಇಟ್ಟೆ. ಆರು ವರ್ಷ, ಒಂದು ದಿನವೂ ಎದುರಾಬದುರಾ ನಿಲ್ಲದೆ, ಅವನು ಮಧ್ಯಾಹ್ನ, ನಾನು ಸಂಜೆ, ಹೀಗೆಯೇ ನಡೆಯಿತು. ಒಮ್ಮೆ ಜ್ವರ ಬಂದು ನಾನು ಎರಡು ದಿನ ಹೋಗದಿದ್ದಾಗ, ಮೂರನೆಯ ದಿನ ಅಲ್ಲಿ ಮೂರು ಮೂಲಂಗಿಗಳು ಸಾಲಾಗಿ ಕಾಯುತ್ತಿದ್ದವು. ನನಗೆ ಅವತ್ತು ಅಳು ಬಂತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಮಾನ್ಯರೇ.

ಮೇಕೆ ಬಿಡುಗಡೆಯಾದ ಮಂಗಳವಾರ ನಾನು ಬೇಗನೆ ಹೋಗಿದ್ದೆ. ಮುಳ್ಳು ಎಂಬ ಆ ಆಟಗಾರ ಕೈಯಲ್ಲಿ ಮೂಲಂಗಿ ಹಿಡಿದು ಗಿರಣಿಯ ಸುತ್ತ ಮೂರು ಸುತ್ತು ಹಾಕಿದ, ನುಣ್ಣನೆಯ ಗೋಡೆಯನ್ನು ನೋಡಿದ, ಆಮೇಲೆ ತಾವು ದೊಡ್ಡದಾಗಿ ನಿಲ್ಲಿಸಿದ್ದ ಫಲಕದ ಮುಂದೆ ಬಹಳ ಹೊತ್ತು ನಿಂತ. ಫಲಕದಲ್ಲಿ ತಾವು ಅತ್ಯಂತ ಸೌಜನ್ಯದಿಂದ, ಕುಂಬಳಕಾಯಿ ಗಾತ್ರದ ಅಕ್ಷರಗಳಲ್ಲಿ, "ಅನುಭವಿ ಆಟಗಾರರ ಮಾತಿಗೆ ನಾವು ಸದಾ ಕಿವಿಗೊಡುತ್ತೇವೆ! ಚಿಮಟ ಅವರ ದೂರಿನ ಮೇರೆಗೆ ಗಿರಣಿಯ ಮೇಕೆಯನ್ನು ತೆರವುಗೊಳಿಸಲಾಗಿದೆ" ಎಂದು ಬರೆಸಿದ್ದಿರಿ. ಅವನು ಮೂಲಂಗಿಯನ್ನು ನೆಲಕ್ಕೆ ಹಾಕಿ ಹೊರಟುಹೋದ, ಹತ್ತು ನಿಮಿಷಕ್ಕೆ ಅದು ಮಾಯವಾಯಿತು, ಅವತ್ತಿನಿಂದ ಇಂದಿನವರೆಗೆ ಅವನು ಆಟಕ್ಕೆ ಕಾಲಿಟ್ಟಿಲ್ಲ. "ಜಗಳ ನಿಮ್ಮಿಬ್ರದ್ದು, ಕಣ್ಣು ನಂದು" ಎಂದು ಇಷ್ಟು ವರ್ಷವೂ ನನ್ನಲ್ಲೇ ಕನ್ನಡಕ ಮಾಡಿಸುವ ಅತ್ತಿಗೆ ಮೊನ್ನೆ ಬಂದು, "ನಿಮ್ಮಣ್ಣ 'ಕೊನೆಗೆ ಅದನ್ನೂ ತೆಗೆಸಿಬಿಟ್ಲಲ್ಲ' ಅಂದು ತಟ್ಟೆ ಮುಂದಿಂದ ಎದ್ದುಹೋದ್ರು ಕಣೇ, ನೀನ್ಯಾಕೆ ಹಂಗೆ ಮಾಡ್ದೆ?" ಎಂದು ಕೇಳಿದರು.

ಈಗ ತಪ್ಪೊಪ್ಪಿಗೆಯ ಘಟ್ಟ. ಆ ದೂರು ನನ್ನದೇ. ಆದರೆ ಅದನ್ನು ಕೊಟ್ಟದ್ದು ಆಟಕ್ಕೆ ಸೇರಿದ ಮೊದಲ ವಾರ, ಒಂಬತ್ತು ವರ್ಷದ ಹಿಂದೆ, ಬೋರ್ಡಿನ ಜಗಳಕ್ಕೂ ಮೂರು ವರ್ಷ ಮೊದಲು; ಮೂಲಂಗಿ ಯಾವುದು ಕಳೆ ಯಾವುದು ಎಂದು ತಿಳಿಯದ ಕಾಲದಲ್ಲಿ, "ನಿಮ್ಮ ಕಂಪನಿಯಲ್ಲಿ ಕಣ್ಣಿರುವವರು ಒಬ್ಬರೂ ಇಲ್ಲವೇ? ಗೋಡೆಯಲ್ಲಿ ಮೇಕೆ ಸಿಕ್ಕಿಕೊಂಡಿದೆ, ಕೂಡಲೇ ಬಿಡಿಸಿ" ಎಂದು ಗೀಚಿ ಕಳಿಸಿ, ಮರುದಿನವೇ ಮರೆತಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎಂದರೆ ಇದೇ ಇರಬೇಕು. ಆಮೇಲಿನ ಒಂಬತ್ತು ವರ್ಷದಲ್ಲಿ ನಾನು ತಮಗೆ ಇನ್ನೂರ ಹದಿನಾಲ್ಕು ಸಲಹೆ ಕಳಿಸಿದ್ದೇನೆ: ನದಿ ಗುಡ್ಡ ಹತ್ತುತ್ತಿದೆ, ಕೋಳಿಗಳು ಮೊಟ್ಟೆಯ ಬದಲು ಕೊಡಲಿ ಇಡುತ್ತಿವೆ, ಗಿರಣಿಯವನ ಹೆಂಡತಿ ನೀರಿನ ಮೇಲೆ ನಡೆಯುತ್ತಾಳೆ, ಅಕ್ಷರ ಇರುವೆ ಸಾಲಿನ ಹಾಗಿವೆ ಸ್ವಲ್ಪ ದೊಡ್ಡದು ಮಾಡಿ. ಒಂದಕ್ಕೂ ತಾವು ಕಿವಿಗೊಡಲಿಲ್ಲ. ಕೋಳಿಗಳು ಇಂದಿಗೂ ಕೊಡಲಿ ಇಡುತ್ತಿವೆ. ಕೇಳಲೇಬಾರದಿದ್ದ ಒಂದು ಮಾತನ್ನು ಹುಡುಕಿ ತೆಗೆದು ಕೇಳಿದಿರಲ್ಲ, ಆ ಕಿವಿಗೆ ಏನು ಬಹುಮಾನ ಕೊಟ್ಟರೂ ಕಡಿಮೆ.

ದೂರು ಬಂದ ತಾರೀಖನ್ನು ಫಲಕದಲ್ಲಿ ಹಾಕಿದ್ದೇವಲ್ಲ ಎಂದು ತಾವು ಹೇಳಬಹುದು. ಹಾಕಿದ್ದೀರಿ, ಕೆಳಮೂಲೆಯಲ್ಲಿ, ಅದೇ ಇರುವೆ ಅಕ್ಷರದಲ್ಲಿ. ನಾನಾದರೂ ಅದನ್ನು ಓದಿದ್ದು ಅಂಗಡಿಯ ದಪ್ಪ ಗಾಜನ್ನು ಪರದೆಗೆ ಒತ್ತಿಹಿಡಿದು. ನಮ್ಮಣ್ಣನ ಕನ್ನಡಕವೋ, ಆರು ವರ್ಷದ ಹಿಂದೆ ನಾನೇ ಮಾಡಿಕೊಟ್ಟದ್ದು. ಆಮೇಲೆ ಅವನ ಕಣ್ಣು ಎಷ್ಟೇ ಮಂಜಾದರೂ ನನ್ನ ಮೇಲಿನ ಸಿಟ್ಟಿಗೆ ಬೇರೆಯವರ ಹತ್ತಿರವೂ ಮಾಡಿಸಿಲ್ಲ, ನನ್ನ ಹತ್ತಿರವೂ ಬಂದಿಲ್ಲ, ಮುರಿದ ಕಿವಿಕಡ್ಡಿಗೆ ದಾರ ಸುತ್ತಿಕೊಂಡಿದ್ದಾನಂತೆ. ನೇರವಾಗಿ ಫೋನ್ ಮಾಡಿ ಹೇಳಬಾರದೇ ಎಂದು ತಾವು ಕೇಳುವುದಾದರೆ, ತಮಗೆ ಅಣ್ಣಂದಿರಿಲ್ಲ ಎಂದಾಯಿತು. ಇನ್ನು ಆಟದೊಳಗೇ ಒಂದು ಮಾತು ಕಳಿಸೋಣವೆಂದರೆ, ಹೊಸ ಸುಧಾರಣೆಯ ಪ್ರಕಾರ ಮೊದಲು "ಸ್ನೇಹ ಕೋರಿಕೆ" ಗುಂಡಿ ಒತ್ತಬೇಕು, ಒತ್ತಿದ ಕೂಡಲೇ "ಚಿಮಟ ಅವರು ಮುಳ್ಳು ಅವರ ಸ್ನೇಹಕ್ಕಾಗಿ ಬೇಡಿಕೊಳ್ಳುತ್ತಿದ್ದಾರೆ" ಎಂದು ಊರಿಗೆಲ್ಲ ಡಂಗುರ ಹೊಡೆಯುತ್ತದೆ. ಪ್ರಾಣ ಬೇಕಾದರೂ ಕೊಟ್ಟೇನು, ಆ ಡಂಗುರ ಮಾತ್ರ ಬೇಡ.

ಹಾಗಾದರೆ ಅನುಭವಿ ಆಟಗಾರರ ಮಾತು ಕೇಳಬೇಕೋ ಬೇಡವೋ ಎಂದು ತಾವು ಸಭೆ ಸೇರಿ ತಲೆ ಕೆರೆದುಕೊಳ್ಳುತ್ತಿರಬಹುದು. ನನ್ನ ಕಸುಬಿನ ಒಂದು ಪದ್ಧತಿಯನ್ನು ತಿಳಿಸುತ್ತೇನೆ. ಹೊಸ ಕನ್ನಡಕ ಹಾಕಿಕೊಂಡವರು ಮರುದಿನವೇ ಓಡಿಬಂದು "ನೆಲ ತೂಗಾಡ್ತಿದೆ, ಮೆಟ್ಟಿಲು ಮೇಲಕ್ಕೆ ಬರ್ತಿದೆ" ಎಂದು ಕೂಗಾಡುತ್ತಾರೆ. ನಾನು ಗಾಜು ಬದಲಿಸುವುದಿಲ್ಲ, ಹತ್ತು ದಿನ ಹಾಕಿಕೊಂಡು ಆಮೇಲೆ ಬನ್ನಿ ಎನ್ನುತ್ತೇನೆ. ಹತ್ತು ದಿನದ ನಂತರವೂ ತೂಗಾಡುತ್ತಿದ್ದರೆ ತಪ್ಪು ನನ್ನದು, ಮರುಮಾತಿಲ್ಲದೆ ಗಾಜು ಬಿಚ್ಚುತ್ತೇನೆ. ತಾವು ಮಾಡಿದ್ದು ಇದರ ಉಲ್ಟಾ: ಮೊದಲ ದಿನದ ಕೂಗನ್ನು ಒಂಬತ್ತು ವರ್ಷ ಉಪ್ಪಿನಲ್ಲಿ ಹಾಕಿಟ್ಟು, ಕೂಗಿದವಳಿಗೆ ಅದು ಒಗ್ಗಿ, ಅದಿಲ್ಲದೆ ಬದುಕಲಾರೆ ಎನ್ನುವ ಹೊತ್ತಿಗೆ ಸರಿಯಾಗಿ ಗಾಜು ಬಿಚ್ಚಿದಿರಿ. ಹಳಬರ ಮಾತು ಕೇಳಿ ಮಾನ್ಯರೇ, ಆದರೆ ಹಳಬರು ಹಳಬರಾದ ಮೇಲೆ ಆಡಿದ ಮಾತು ಕೇಳಿ.

ಆದ್ದರಿಂದ ನನ್ನ ಕೋರಿಕೆಗಳನ್ನು ಪರಾಂಬರಿಸಬೇಕು. ಮೇಕೆಯನ್ನು ಅದೇ ಗೋಡೆಯಲ್ಲಿ, ಬಾಲ ತುಸು ಎಡಕ್ಕೆ ವಾಲಿರುವಂತೆ, ಮೊದಲಿನಷ್ಟೇ ಅಧ್ವಾನವಾಗಿ ಸಿಕ್ಕಿಸಬೇಕು; ಅಂದವಾಗಿ ಸಿಕ್ಕಿಸಿದರೆ ಒಪ್ಪುವುದಿಲ್ಲ. ಹುಲ್ಲಿನ ರುಚಿ ಕಂಡ ಮೇಕೆ ಒಳಗೆ ಹೋಗಲು ತಕರಾರು ಮಾಡಿದರೆ, ಅದು ಒಪ್ಪುವ ತನಕ ತಮ್ಮಲ್ಲೇ ಒಬ್ಬರು ಪಾಳಿಯ ಮೇಲೆ ಗೋಡೆಯಲ್ಲಿ ತಲೆಯಿಟ್ಟು ನಿಲ್ಲಬೇಕು, ಹಲ್ಲಿನ ವೈದ್ಯರು ನಮಸ್ಕರಿಸಲು ಬಂದಾಗ ಅಲುಗಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ದೂರು ಒಂಬತ್ತು ವರ್ಷ ಹಳೆಯದು, ಆಗ ಅಣ್ಣ ತಂಗಿ ಒಂದೇ ಬೆಂಚಿನಲ್ಲಿ ಕೂತು ಕೆಲಸ ಮಾಡುತ್ತಿದ್ದರು, ತಂಗಿ ಏನನ್ನೂ ತೆಗೆಸಿಲ್ಲ ಎಂಬುದನ್ನು ಗುಡ್ಡದ ಮೇಲೆ ಗುಡ್ಡದಷ್ಟೇ ಎತ್ತರದ ಅಕ್ಷರಗಳಲ್ಲಿ ಬರೆಸಬೇಕು, ದೆವ್ವಗಳಿಗೆ ಅಡ್ಡಿಯಾದರೆ ದೆವ್ವಗಳನ್ನು ಬೇರೆಡೆಗೆ ವರ್ಗ ಮಾಡಬೇಕು.

ತಾವು ಇಷ್ಟನ್ನೂ ಓದುವುದಿಲ್ಲವೆಂಬ ಪೂರ್ಣ ಭರವಸೆಯೊಂದಿಗೆ,

ತಮ್ಮ ವಿಶ್ವಾಸಿ,
ಚಿಮಟ
(ಕನ್ನಡಕದ ಅಂಗಡಿ, ಬೋರ್ಡಿನ ಬಲಗಡೆ ಗರಗಸದ ಗುರುತಿದೆ)

ಅಂಟಿಸುವ ಮೊದಲು ಸೇರಿಸಿದ್ದು: ಅಕ್ಷರ ದೊಡ್ಡದು ಮಾಡುವ ತೊಂದರೆಯನ್ನು ತಾವಿನ್ನು ತೆಗೆದುಕೊಳ್ಳಬೇಕಾಗಿಲ್ಲ. ನಿನ್ನೆ ಬೆಳಿಗ್ಗೆ ಅತ್ತಿಗೆ ದಾರ ಸುತ್ತಿದ ಕನ್ನಡಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು, "ಅವ್ರು ಕಳಿಸಿಲ್ಲ, ನಾನೇ ಕದ್ದು ತಂದೆ" ಎಂದು ಮೇಜಿನ ಮೇಲಿಟ್ಟರು. ಆರು ವರ್ಷಕ್ಕೆ ಆ ಕಣ್ಣಿನ ನಂಬರು ಎಷ್ಟು ಏರಿರುತ್ತದೆಂದು ಅಂದಾಜು ಮಾಡಿ, ಹೊಸ ಗಾಜು ತಿಕ್ಕಿ, ಹೊಸ ಕಡ್ಡಿ ಹಾಕಿ ಮಧ್ಯಾಹ್ನದೊಳಗೆ ಕೊಟ್ಟು ಕಳಿಸಿದೆ. ಸಂಜೆ ನನ್ನ ಫೋನ್ ಹೊಡೆದುಕೊಂಡಿತು; ಎತ್ತಿದರೆ ಹಲೋ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ, "ಒಂಬತ್ತು ವರ್ಷದ ಹಿಂದೇನೇ ದೂರು ಕೊಟ್ಟಿದ್ದೀಯಲ್ಲೇ, ಆ ಬಡಪಾಯಿ ಮೇಕೆ ನಿಂಗೇನು ಮಾಡಿತ್ತೇ?" ಎಂದು ಕೇಳಿ, ಫಲಕದ ಮೂಲೆಯ ಇರುವೆ ಅಕ್ಷರವನ್ನು ಕೊನೆಗೂ ಓದಿದ್ದ ನಮ್ಮಣ್ಣ ಫೋನ್ ಇಟ್ಟುಬಿಟ್ಟ. ಒಂದು ದೂರಿಗೆ ಉತ್ತರ ಕೊಡಲು ತಮಗೆ ಒಂಬತ್ತು ವರ್ಷ ಹಿಡಿಯಿತು. ಅವನ ದೂರಿಗೆ ಉತ್ತರವನ್ನು ನಾನು ನಾಳೆ ಬೆಳಿಗ್ಗೆ, ಅವನು ಬಾಗಿಲು ತೆಗೆಯುವ ಹೊತ್ತಿಗೆ, ಅವನ ಅಂಗಡಿಗೇ ಹೋಗಿ ಕೊಡುತ್ತೇನೆ.