ಒಂದೇ ಮಾತು ಎರಡು ಸಲ

ಕೆಲವರಿಗೆ ಬರೆಯುವ ಚಟ, ಕೆಲವರಿಗೆ ಓದುವ ಚಟ. ನನಗಿರುವುದು ಬೇರೆಯವರು ಬರೆದದ್ದನ್ನು ಹೊಡೆದುಹಾಕುವ ಚಟ. ಇದನ್ನು ಮರ್ಯಾದಸ್ಥರು ಪರಿಶೀಲನೆ ಎನ್ನುತ್ತಾರೆ, ಆಫೀಸಿನವರು ರಿವ್ಯೂ ಎನ್ನುತ್ತಾರೆ, ನನ್ನ ಹೆಂಡತಿ ಪದ್ಮಾ ಉಪದ್ವ್ಯಾಪ ಎನ್ನುತ್ತಾಳೆ. ಕಿರಾಣಿ ಚೀಟಿ, ಮದುವೆಯ ಕರೆಯೋಲೆ, ಔಷಧಿ ಬಾಟಲಿಯ ಮೇಲಿನ ಸೂಚನೆ, ಏನೇ ಕೈಗೆ ಬರಲಿ, ಇದರಲ್ಲಿ ಯಾವ ಮಾತು ಹೆಚ್ಚಾಯಿತು ಎಂದು ನನ್ನ ಕಣ್ಣು ಹುಡುಕತೊಡಗುತ್ತದೆ. ಸ್ವಂತದ್ದಾಗಿ ಒಂದು ಪುಟ ಬರೆಯುವ ಶಕ್ತಿಯನ್ನು ದೇವರು ನನಗೆ ಕೊಡಲಿಲ್ಲ. ಆ ಹೊಟ್ಟೆಕಿಚ್ಚನ್ನೆಲ್ಲ ಕೆಂಪು ಪೆನ್ನಿನಿಂದ ತೀರಿಸಿಕೊಳ್ಳುತ್ತ ಬಂದಿದ್ದೇನೆ.

ಇದರಿಂದ ಅನಾಹುತಗಳಾಗಿಲ್ಲವೆಂದಲ್ಲ. ಒಮ್ಮೆ ಧಾರವಾಡದಿಂದ ಪದ್ಮಾಳ ಕಾಕಾ ಬಂದಿದ್ದರು. ಕೋಲ್ಕತ್ತಕ್ಕೆ ಬರುವ ನಮ್ಮ ಕಡೆಯ ನೆಂಟರೆಲ್ಲ ಬೂಟು ಬಿಚ್ಚುವ ಮೊದಲೇ ಕಾಳಿಘಾಟಿಗೆ ದಾರಿ ಕೇಳುತ್ತಾರೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಅವರ ಜೊತೆ ಹೋಗಲಾಗುವುದಿಲ್ಲ. ಪದ್ಮಾ ಒಂದು ಹಾಳೆಯ ಮೇಲೆ ಶ್ಯಾಮ್‌ಬಜಾರಿನ ನಮ್ಮ ಮನೆಯಿಂದ ಗುಡಿಯವರೆಗಿನ ದಾರಿಯನ್ನು ವಿವರವಾಗಿ ಬರೆದಳು. ನಾನು ಅದನ್ನು ತಿದ್ದಿ ಚೊಕ್ಕ ಮಾಡಿದೆ. 'ಟಾಲಿಗಂಜ್ ಕಡೆಗೆ ಹೋಗುವ ಮೆಟ್ರೊ ಹತ್ತಿ ಕಾಳಿಘಾಟ್‌ನಲ್ಲಿ ಇಳಿಯಿರಿ' ಎಂಬ ವಾಕ್ಯದಲ್ಲಿ, ಇಳಿಯುವುದು ಕಾಳಿಘಾಟ್‌ನಲ್ಲಿ ಎಂದ ಮೇಲೆ ಟಾಲಿಗಂಜ್ ಸುದ್ದಿ ಯಾಕೆ ಎಂದು ಅದನ್ನು ತೆಗೆದೆ. ಕಾಕಾ ಸಿಕ್ಕ ಮೆಟ್ರೊ ಹತ್ತಿ ವಿರುದ್ಧ ದಿಕ್ಕಿನ ಕೊನೆಯ ನಿಲ್ದಾಣವಾದ ದಮ್‌ದಮ್ ಮುಟ್ಟಿದರು. "ನಮ್ಮ ಕಾಕಾ ದಮ್‌ದಮ್‌ನ್ಯಾಗ ನಿಂತು ಕಾಳಿ ಎಲ್ಲದಾಳ ಅಂತ ಕಂಡಕಂಡವ್ರನ್ನ ಕೇಳಾಕತ್ತಿದ್ರಂತ. ನಿಮ್ಮ ಕೈಗೆ ಲಗ್ನಪತ್ರಿಕಾ ಕೊಟ್ರ ವರನ ಹೆಸರೂ ಹೊಡದು ಹಾಕ್ತೀರಿ ನೀವು," ಎಂದು ಪದ್ಮಾ ಒಂದು ವಾರ ಅಂದಳು. ಕಾಕಾ ಮಾತ್ರ ಏನೂ ಅನ್ನಲಿಲ್ಲ. ಅವರು ಊರಿಗೆ ಹೋದ ಮೇಲೆ ಬರೆದ ಕಾಗದದಲ್ಲಿ ನನ್ನ ಹೆಸರು ಇರಲಿಲ್ಲ, ಅಷ್ಟೆ.

ಹುಟ್ಟಿದ್ದು ಮೈಸೂರಿನಲ್ಲಾದರೂ ಈ ಚಟಕ್ಕೆ ಸಂಬಳ ಸಿಕ್ಕಿದ್ದು ಕೋಲ್ಕತ್ತದಲ್ಲಿ. ಬಿಬಿಡಿ ಬಾಗಿನ ಒಂದು ಕಚೇರಿಯಲ್ಲಿ ಹನ್ನೆರಡು ವರ್ಷ ಇಂಗ್ಲಿಷ್ ಕರಡು ತಿದ್ದುತ್ತ ಕೂತಿದ್ದೆ. ಅಷ್ಟರಲ್ಲಿ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿದವು. ಅದರಾಚೆ ನ್ಯೂ ಟೌನಿನ ಕಡೆ ಇನ್ನೂ ಬರೀ ಧೂಳು ಮತ್ತು ಕ್ರೇನುಗಳು. ಬಸ್ಸಿನಿಂದ ತಪ್ಪಿ ಇಳಿದವನ ಕೊರಳಿಗೂ ಐಡಿ ಕಾರ್ಡು ಹಾಕಿ ಒಳಗೆ ಕೂರಿಸುತ್ತಿದ್ದ ಕಾಲ ಅದು. ನಾನೂ ಒಂದು ಕಂಪನಿಯಲ್ಲಿ ಡಾಕ್ಯುಮೆಂಟ್ ರಿವ್ಯೂ ಮಾಡುವವನಾಗಿ ಸೇರಿಕೊಂಡೆ. ಕಂಪ್ಯೂಟರ್ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ. ಎಲ್ಲಿಗೆ ಬರುತ್ತದೆ ಎಂದು ಅವರು ಕೇಳಲಿಲ್ಲ.

ನಮ್ಮ ಕಂಪನಿ ಟೆಲಿಫೋನ್ ಕೇಂದ್ರಗಳಲ್ಲಿ ಇಡುವ ಒಂದು ಪುಟ್ಟ ಡಬ್ಬಿ ಮಾಡುತ್ತಿತ್ತು. ಅದರೊಳಗಿನ ಪ್ರೋಗ್ರಾಮುಗಳೆಲ್ಲ ಎರ್ಲಾಂಗ್ ಎಂಬ ಭಾಷೆಯಲ್ಲಿದ್ದವು. ಅದು ಟೆಲಿಫೋನಿಗೆಂದೇ ಹುಟ್ಟಿದ ಭಾಷೆಯಂತೆ. ಒಂದು ಭಾಗ ಸತ್ತರೆ ಇನ್ನೊಂದು ಭಾಗ ಅದನ್ನು ಎಬ್ಬಿಸಿ ಕೂರಿಸುತ್ತದಂತೆ, ಒಟ್ಟಿನಲ್ಲಿ ಕೆಲಸ ನಿಲ್ಲುವುದಿಲ್ಲವಂತೆ. ಡಬ್ಬಿ ಬಹಳ ಚಿಕ್ಕದು, ಅದರೊಳಗೇ ಸಾಫ್ಟ್‌ವೇರ್ ತಯಾರಿಸುವಷ್ಟು ತ್ರಾಣ ಅದಕ್ಕಿಲ್ಲ. ಆದ್ದರಿಂದ ದೊಡ್ಡ ಕಂಪ್ಯೂಟರಿನಲ್ಲಿ ಎಲ್ಲವನ್ನೂ ತಯಾರಿಸಿ ಅದಕ್ಕೆ ತುಂಬಬೇಕು. ರೈಲಿಗೆ ಬುತ್ತಿ ಕಟ್ಟಿದ ಹಾಗೆ, ಅಡುಗೆ ಒಂದು ಕಡೆ, ಊಟ ಇನ್ನೊಂದು ಕಡೆ. ಬುತ್ತಿ ಕಟ್ಟಿಕೊಡುವ ಈ ಏರ್ಪಾಡಿಗೆ ಬಿಲ್ಡ್ ಸಿಸ್ಟಮ್ ಎಂದು ಹೆಸರು. ಎರ್ಲಾಂಗಿನ ಹೊಸ ಪ್ರೋಗ್ರಾಮ್ ಒಂದನ್ನು ಅದಕ್ಕೆ ಸೇರಿಸಬೇಕಾದರೆ ಅದನ್ನು ಎಲ್ಲಿಂದ ತರುವುದು, ಯಾವ ಆವೃತ್ತಿ, ಲೈಸೆನ್ಸ್ ಏನು, ಜೊತೆಗೆ ಇನ್ನೇನು ಬೇಕು ಎಂದೆಲ್ಲ ಒಂದು ಚೀಟಿ ಬರೆಯಬೇಕು. ಅದು ಪ್ಯಾಕೇಜ್. ಇದೆಲ್ಲ ನನಗೆ ಈಗ ಗೊತ್ತು. ಆಗ ಬುತ್ತಿ, ಡಬ್ಬಿ ಯಾವುದೂ ಗೊತ್ತಿರಲಿಲ್ಲ.

ಈ ಪ್ಯಾಕೇಜ್ ಮಾಡುವ ವಿದ್ಯೆ ಇಡೀ ಆಫೀಸಿನಲ್ಲಿ ಒಬ್ಬಳಿಗೆ ಮಾತ್ರ ಬರುತ್ತಿತ್ತು. ಅವಳು ಶರ್ಮಿಷ್ಠಾ, ಇಪ್ಪತ್ತಾರು ವರ್ಷದ ಇಂಜಿನಿಯರ್, ನನ್ನನ್ನು ದಾದಾ, ಅಂದರೆ ಅಣ್ಣ, ಎಂದು ಕರೆಯುವ ಹುಡುಗಿ. ಫಾಲ್ಗುಣದಲ್ಲಿ ಅವಳ ಮದುವೆ. ಗಿರಾಕಿ ಕಂಪನಿಯ ಇಂಜಿನಿಯರುಗಳು ಡಬ್ಬಿಗೆ ತಮ್ಮ ಪ್ರೋಗ್ರಾಮುಗಳನ್ನು ಸೇರಿಸಿಕೊಳ್ಳಲು ಬರುವುದೂ ಸರಿಯಾಗಿ ಅದೇ ವಾರ. ನಮ್ಮ ಮ್ಯಾನೇಜರ್ ದತ್ತಬಾಬು ಕೆಟ್ಟವರಲ್ಲ, ಹೆದರುವವರು. (ನಮ್ಮ ಆಫೀಸಿನ ಮಾತು ಅರ್ಧ ಬಂಗಾಳಿ, ಅರ್ಧ ಇಂಗ್ಲಿಷು. ನಿಮಗೆ ಕನ್ನಡದಲ್ಲೇ ಹೇಳುತ್ತೇನೆ. ಅಲ್ಲಿ ನಾನು ಮೂರ್ತಿಬಾಬು.) "ನೋಡಮ್ಮಾ, ನೀನು ಗೊತ್ತಿರುವುದನ್ನೆಲ್ಲ ಬರೆದಿಡು. ಮೂರ್ತಿಬಾಬು ರಿವ್ಯೂ ಮಾಡಲಿ. ಎರ್ಲಾಂಗ್ ಗಂಧ ಇಲ್ಲದವನೊಬ್ಬ ಅದನ್ನು ಓದಿಕೊಂಡು ಹೊಸ ಮಷೀನಿನಲ್ಲಿ ಕೆಲಸ ಮುಗಿಸಿದರೆ ನಿನ್ನ ರಜೆಗೆ ಆ ಕ್ಷಣ ಸಹಿ. ಇಲ್ಲದಿದ್ದರೆ ರಜೆ ಎರಡು ವಾರ ಮುಂದಕ್ಕೆ," ಎಂದರು. ಎರಡು ವಾರ ಮುಂದೆ ಹೋದರೆ ಚೈತ್ರ. ಚೈತ್ರದಲ್ಲಿ ಬಂಗಾಳಿಗಳು ಮದುವೆ ಮಾಡುವುದಿಲ್ಲ. ಅದು ದತ್ತಬಾಬುವಿಗೂ ಗೊತ್ತಿತ್ತು. ಆದರೆ ಹೆದರಿದವರಿಗೆ ಪಂಚಾಂಗ ಕಾಣುವುದಿಲ್ಲ.

ಶರ್ಮಿಷ್ಠಾ ಹತ್ತು ದಿನ ಕೂತು ಇಪ್ಪತ್ತು ಪುಟ ಬರೆದಳು. ಪ್ರಿಂಟ್ ನನ್ನ ಮೇಜಿಗೆ ಬಂತು. ನಾನು ಅಂಗಿಯ ತೋಳು ಮಡಿಸಿ ಕೂತೆ. ಅವಳು ಬರೆದ ಧಾಟಿ ಪಕ್ಕದಲ್ಲಿ ಕೂತು ಹೇಳಿಕೊಟ್ಟಂತಿತ್ತು, ಅದೇ ನನಗೆ ಸರಿಬರಲಿಲ್ಲ. 'ಇದಕ್ಕೆ ಒಂದು ಗಂಟೆ ಹಿಡಿಯುತ್ತದೆ, ಹೋಗಿ ಚಹಾ ಕುಡಿದು ಬನ್ನಿ' ಎಂದಿತ್ತು. ತಾಂತ್ರಿಕ ದಾಖಲೆಯಲ್ಲಿ ಚಹಾ! ಹೊಡೆದೆ. 'ಈಗ ಪರದೆಯ ತುಂಬ ಎಚ್ಚರಿಕೆಗಳು ಓಡುತ್ತವೆ, ಗಾಬರಿ ಬೇಡ, ಯಾವಾಗಲೂ ಹೀಗೇ' ಎಂದಿತ್ತು. ಓದುಗನ ಮನಸ್ಥಿತಿ ಲೇಖಕನಿಗೆ ಸಂಬಂಧಿಸಿದ್ದಲ್ಲ ಎಂದು ಅಂಚಿನಲ್ಲಿ ಬರೆದು ಅದನ್ನೂ ಹೊಡೆದೆ. ಆಮೇಲೆ ಏಳನೆಯ ಮತ್ತು ಎಂಟನೆಯ ಹೆಜ್ಜೆ ಬಂದವು. ಏಳರಲ್ಲಿ 'ಹೋಸ್ಟ್‌ಗಾಗಿ ಎರ್ಲಾಂಗ್ ಬಿಲ್ಡ್ ಮಾಡಿ' ಎಂದೂ ಎಂಟರಲ್ಲಿ 'ಟಾರ್ಗೆಟ್‌ಗಾಗಿ ಎರ್ಲಾಂಗ್ ಬಿಲ್ಡ್ ಮಾಡಿ' ಎಂದೂ ಇತ್ತು. ಕೆಳಗಿನ ನಾಲ್ಕು ನಾಲ್ಕು ಸಾಲುಗಳು ಅವಳಿ ಮಕ್ಕಳ ಹಾಗಿದ್ದವು. ಒಂದು ಪದದ ವ್ಯತ್ಯಾಸ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಆ ಹೊತ್ತಿಗೆ ನಾನು ಹತ್ತು ಪುಟ ತಿದ್ದಿದ ಹುಮ್ಮಸ್ಸಿನಲ್ಲಿದ್ದೆ. ಏಳನೆಯ ಹೆಜ್ಜೆಯ ಮೇಲೆ ಅಡ್ಡಗೆರೆ ಎಳೆದು, 'ಒಂದೇ ಮಾತು ಎರಡು ಸಲ ಏಕೆ?' ಎಂದು ಬರೆದು ಕೆಳಗೆ ಎರಡು ಗೆರೆ ಹಾಕಿದೆ. ಇಪ್ಪತ್ತು ಪುಟ ಹದಿಮೂರಾಯಿತು. ಮನೆಗೆ ಹೋಗಿ ಪದ್ಮಾಳಿಗೂ ಹೇಳಿಕೊಂಡೆ.

ಶರ್ಮಿಷ್ಠಾ ಎಲ್ಲವನ್ನೂ ಚಾಚೂ ತಪ್ಪದೆ ತಿದ್ದಿದಳು. ಇನ್ನು ಪರೀಕ್ಷೆ. ಎರ್ಲಾಂಗ್ ಗಂಧ ಇಲ್ಲದವನನ್ನು ಹುಡುಕಲು ದತ್ತಬಾಬು ಬಹಳ ದೂರ ಹೋಗಬೇಕಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಹೊಸ ಕಂಪ್ಯೂಟರನ್ನು ಡಬ್ಬದಿಂದ ತೆಗೆದು ಜೋಡಿಸಿ, "ಮೂರ್ತಿಬಾಬು, ಕೂರಿ" ಎಂದರು. ಯಾರೂ ಏನೂ ಹೇಳಿಕೊಡಬಾರದು ಎಂದು ಶರ್ಮಿಷ್ಠಾಳನ್ನು ಆಚೆಯ ಗೋಡೆಯ ಬಳಿ ಕೂರಿಸಿದರು. ನಾನೇ ಚೊಕ್ಕ ಮಾಡಿದ ಡಾಕ್ಯುಮೆಂಟ್ ತಾನೇ ಎಂದು ಧೈರ್ಯ ತಂದುಕೊಂಡೆ.

ನಾಲ್ಕು ಹೆಜ್ಜೆ ಸರಾಗವಾಗಿ ಆಯಿತು. ಐದನೆಯ ಹೆಜ್ಜೆಗೆ ಎಂಟರ್ ಒತ್ತಿದೆ, ಪರದೆ ಸುಮ್ಮನಾಯಿತು. ಹತ್ತು ನಿಮಿಷ ಕಾದೆ. ಇಪ್ಪತ್ತು ನಿಮಿಷ. ಅರ್ಧ ಗಂಟೆಯಾದರೂ ಒಂದಕ್ಷರ ಮಿಸುಕಲಿಲ್ಲ. ಇದು ಕೆಟ್ಟು ನಿಂತಿದೆ ಎಂದು ತೀರ್ಮಾನಿಸಿ ಅದನ್ನು ನಿಲ್ಲಿಸಿ ಮತ್ತೆ ಮೊದಲಿನಿಂದ ಶುರುಮಾಡಿದೆ. ಮತ್ತೆ ಅದೇ ಮೌನ. ಎರಡನೆಯ ಸಲವೂ ನಿಲ್ಲಿಸಲು ಕೈ ಎತ್ತಿದಾಗ ಆಚೆಯ ಗೋಡೆಯಿಂದ ಸಣ್ಣದೊಂದು ನರಳುವ ದನಿ ಕೇಳಿ, ಕೈ ಕೆಳಗಿಳಿಸಿದೆ. ಚಹಾ ಕುಡಿದು ಬನ್ನಿ ಎಂಬ ಮಾತು ಎಷ್ಟು ತಾಂತ್ರಿಕವಾದದ್ದು ಎಂದು, ಗಂಟೆ ತುಂಬಿ ಅದು ತಾನೇ ಮುಗಿದಾಗ ಅರ್ಥವಾಯಿತು. ಆರನೆಯ ಹೆಜ್ಜೆಯಲ್ಲಿ ಪರದೆಯ ತುಂಬ ಎಚ್ಚರಿಕೆಗಳು ದಡದಡನೆ ಓಡಿದವು. ನಾನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತೆ. "ಏನಾಯ್ತು?" ಎಂದು ದತ್ತಬಾಬು ಓಡಿಬಂದರು. ಇಬ್ಬರೂ ಗಾಬರಿಯಾದೆವು. ಅಷ್ಟರಲ್ಲಿ ಅದು ತಾನಾಗಿಯೇ ನಿಂತು, ಆರನೆಯ ಹೆಜ್ಜೆ ಮುಗಿಯಿತು ಎಂದಿತು. ನಾನು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡೆ.

ಮುಂದಿನ ಹೆಜ್ಜೆಯಲ್ಲಿ ಎಲ್ಲ ಕೆಟ್ಟು ನಿಂತಿತು. ಎರ್ಲಾಂಗ್ ಕಂಪೈಲರ್ ಸಿಗಲಿಲ್ಲ ಎಂದು ಪರದೆ ಸಾರಿ ಹೇಳಿತು. ಮತ್ತೆ ಒತ್ತಿದೆ, ಸಿಗಲಿಲ್ಲ. ದತ್ತಬಾಬು ಕನ್ನಡಕ ತೆಗೆದು ಶರ್ಮಿಷ್ಠಾಳ ಕಡೆ ತಿರುಗಿದರು. "ನಾನೇನು ಮಾಡಲಮ್ಮಾ, ನೀನೇ ನೋಡಿದೆಯಲ್ಲ. ಗಿರಾಕಿಗಳ ಮುಂದೆ ಹೀಗಾದರೆ ನನ್ನ ಗತಿ ಏನು? ರಜೆ ಮುಂದಕ್ಕೆ ಹಾಕೋಣ," ಎಂದರು. ಅವಳು ತುಟಿ ಬಿಗಿಹಿಡಿದು ನೆಲ ನೋಡಿದಳು. ಅವಳಪ್ಪ ಆಗಲೇ ಅಡುಗೆಯವರಿಗೂ ಶಹನಾಯಿಯವರಿಗೂ ಮಾತು ಕೊಟ್ಟು ಮುಗಿಸಿದ್ದರು.

ನನ್ನ ಚೀಲದಲ್ಲಿ ಹಳೆಯ ಪ್ರಿಂಟ್ ಇತ್ತು. ಬೇಟೆಗಾರರು ಕೋಡುಗಳನ್ನು ಇಟ್ಟುಕೊಳ್ಳುವ ಹಾಗೆ ನಾನು ಕೆಂಪು ಮಾಡಿದ ಹಾಳೆಗಳನ್ನೆಲ್ಲ ಇಟ್ಟುಕೊಳ್ಳುತ್ತೇನೆ. ತೆಗೆದು ನೋಡಿದೆ. ಅಡ್ಡಗೆರೆಯ ಕೆಳಗೆ ಏಳನೆಯ ಹೆಜ್ಜೆ ನನ್ನನ್ನೇ ನೋಡುತ್ತಿತ್ತು. ಹೋಸ್ಟ್ ಎಂದರೆ ಅಡುಗೆ ಮಾಡುವ ಈ ದೊಡ್ಡ ಮಷೀನು, ಟಾರ್ಗೆಟ್ ಎಂದರೆ ಉಣ್ಣುವ ಆ ಪುಟ್ಟ ಡಬ್ಬಿ ಎಂಬ ವಿವರ ಎರಡನೆಯ ಪುಟದಲ್ಲೇ ಇತ್ತು. ಎರ್ಲಾಂಗ್ ಎರಡು ಕಡೆಯೂ ಬೇಕು, ಮೊದಲು ಇಲ್ಲಿ, ಆಮೇಲೆ ಅಲ್ಲಿ. ನಾನು ಕಂಪೈಲರ್ ಎಂಬ ಒಲೆಯನ್ನೇ ಹೊಡೆದುಹಾಕಿ ಅಡುಗೆ ಮಾಡಿ ಎಂದಿದ್ದೆ. ನಿಜ ಹೇಳಬೇಕೆಂದರೆ, ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿ, ಹೊಸ ಮಷೀನೇ ಸರಿಯಿಲ್ಲ ಎಂದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆಫೀಸಿನಲ್ಲಿ ಇಷ್ಟು ವರ್ಷ ಯಾರೂ ನನ್ನ ತಪ್ಪು ಹಿಡಿದಿರಲಿಲ್ಲ. ಆದರೆ ಆ ಹುಡುಗಿಯ ಮುಖ ನೋಡಿ ನನಗೆ ಬಹಳ ನಾಚಿಕೆಯಾಯಿತು.

"ದತ್ತಬಾಬು, ಅವಳು ಸರಿಯಾಗಿಯೇ ಬರೆದಿದ್ದಳು. ಇದನ್ನು ತೆಗೆಸಿದವನು ನಾನು," ಎಂದು ಹಾಳೆ ಮುಂದಿಟ್ಟೆ. ದತ್ತಬಾಬು ನನ್ನ ಅಕ್ಷರವನ್ನು, ಅದರ ಕೆಳಗಿನ ಎರಡು ಗೆರೆಗಳನ್ನು ಬಹಳ ಹೊತ್ತು ನೋಡಿದರು. "ಮಾಡಿದ್ದೂ ಅಲ್ಲದೆ ಅಂಡರ್‌ಲೈನ್ ಬೇರೆ ಮಾಡಿದ್ದೀರಲ್ಲ ಮಹಾಶಯ!" ಎಂದರು.

"ನೀನಾದರೂ ಹೇಳಬಾರದಿತ್ತೇನಮ್ಮಾ?" ಎಂದು ನಾನು ಶರ್ಮಿಷ್ಠಾಳನ್ನು ಕೇಳಿದೆ.

"ನೀವು ಅಷ್ಟು ಗಟ್ಟಿಯಾಗಿ ಗೆರೆ ಎಳೆದಿದ್ದಿರಲ್ಲ ದಾದಾ. ಆ ಹೆಜ್ಜೆ ಬಿಟ್ಟು ನನ್ನ ಮಷೀನಿನಲ್ಲಿ ಮಾಡಿ ನೋಡಿದೆ, ಓಡಿತು. ನನಗೇ ತಿಳಿಯದ ಏನನ್ನೋ ದಾದಾ ಕಂಡುಹಿಡಿದಿದ್ದಾರೆ ಅಂದುಕೊಂಡೆ," ಎಂದಳು. ಅವಳ ಮಷೀನಿನಲ್ಲಿ ಎರ್ಲಾಂಗ್ ಎರಡು ವರ್ಷದಿಂದ ಇತ್ತು. ಓಡದೆ ಏನು ಮಾಡೀತು! ನನ್ನನ್ನು ವಿದ್ವಾಂಸ ಎಂದು ನಂಬಿದ ಏಕೈಕ ವ್ಯಕ್ತಿಗೆ ನಾನು ಮಾಡಿದ ಉಪಕಾರ ಇದು.

ಊಟದ ಹೊತ್ತಿಗೆ ಅವಳು ನಾನು ಹೊಡೆದದ್ದನ್ನೆಲ್ಲ ವಾಪಸು ಸೇರಿಸಿದಳು. ಹದಿಮೂರು ಪುಟ ಮತ್ತೆ ಇಪ್ಪತ್ತಾಯಿತು. ಮಷೀನಿನಲ್ಲಿದ್ದುದನ್ನೆಲ್ಲ ಅಳಿಸಿ ನಾನು ಮೊದಲಿನಿಂದ ಕೂತೆ. ಈ ಸಲ ಚಹಾ ಕುಡಿಯಿರಿ ಎಂದಲ್ಲಿ ಎದ್ದು ಹೋಗಿ ಕೆಳಗಿನ ಅಂಗಡಿಯಲ್ಲಿ ನಿಂಬೆ ಹಿಂಡಿದ ಲೇಬು ಚಾ ಕುಡಿದೆ, ಗಾಬರಿ ಬೇಡ ಎಂದಲ್ಲಿ ಗಾಬರಿಯಾಗಲಿಲ್ಲ. ಎರ್ಲಾಂಗನ್ನು ಎರಡು ಸಲ ಬಿಲ್ಡ್ ಮಾಡಿದೆ. ಸಂಜೆ ಐದಕ್ಕೆ ಪುಟ್ಟ ಡಬ್ಬಿಯ ಹಸಿರು ದೀಪ ಮಿಣುಕಿದಾಗ ಇಡೀ ಆಫೀಸು ಚಪ್ಪಾಳೆ ತಟ್ಟಿತು. ಹುಟ್ಟಿದಾಗಿನಿಂದ ನಾನು ಮಾಡಿದ ಒಂದೇ ಒಂದು ಇಂಜಿನಿಯರಿಂಗ್ ಕೆಲಸ ಅದು. ದತ್ತಬಾಬು ನಿಂತಲ್ಲೇ ರಜೆಗೆ ಸಹಿ ಹಾಕಿದರು. ಮುಂದೆ ಗಿರಾಕಿಗಳು ಬಂದು ಆ ಇಪ್ಪತ್ತು ಪುಟ ಹಿಡಿದು ತಾವೇ ಕೆಲಸ ಮುಗಿಸಿಕೊಂಡು ಹೋದರು. ಚಹಾದ ವಿಚಾರ ಬಹಳ ಸ್ಪಷ್ಟವಾಗಿ ಬರೆದಿದ್ದೀರಿ ಎಂದು ಹೊಗಳಿದರಂತೆ.

ಮದುವೆಗೆ ಪದ್ಮಾಳೂ ನಾನೂ ಹೋಗಿದ್ದೆವು. ಗೋಧೂಳಿ ಲಗ್ನ. ಶರ್ಮಿಷ್ಠಾ ಕೆಂಪು ಬನಾರಸಿ ಉಟ್ಟು, ತಲೆಗೆ ಬೆಂಡಿನ ಕಿರೀಟ ಇಟ್ಟುಕೊಂಡು, ದೂರದಿಂದಲೇ ನನಗೆ ಕಣ್ಣಿನಲ್ಲಿ ನಮಸ್ಕಾರ ಮಾಡಿದಳು. ನನ್ನ ಕಣ್ಣು ಸ್ವಲ್ಪ ತೇವವಾಯಿತು, ಹೋಮದ ಹೊಗೆ ಎಂದು ಪದ್ಮಾಳಿಗೆ ಹೇಳಿದೆ. ಪುರೋಹಿತರು ಕನ್ಯಾದಾನಕ್ಕೆ ಕೂತು ಗೋತ್ರ ಹೇಳಿ, ಮುತ್ತಾತ, ತಾತ, ತಂದೆಯ ಹೆಸರು ಹೇಳಿದರು. ಮತ್ತೆ ಗೋತ್ರ, ಮತ್ತೆ ಮುತ್ತಾತ, ತಾತ, ತಂದೆ. ನನಗೆ ತಡೆಯಲಾಗಲಿಲ್ಲ. ಪದ್ಮಾಳ ಕಿವಿಯ ಬಳಿ ಬಾಗಿ, "ಒಂದೇ ಮಾತನ್ನ ಎರಡು ಸಲ ಹೇಳ್ತಿದ್ದಾರೆ," ಎಂದೆ.

"ಸುಮ್ಮನ ಕೂಡ್ರಿ. ಒಂದು ಹೆಣ್ಣಿನ ಕಡೀದು, ಒಂದು ಗಂಡಿನ ಕಡೀದು. ಎದ್ದು ಹೋಗಿ ಭಟ್ಟರಿಗೆ ಏನರ ಹೇಳೀರಿ ಮತ್ತ," ಎಂದು ಅವಳು ನನ್ನ ಜುಬ್ಬಾದ ತುದಿ ಹಿಡಿದುಕೊಂಡಳು. ನಾನು ಕೈಕಟ್ಟಿ ಕೂತೆ. ಪುರೋಹಿತರು ನೀರು ಬಿಟ್ಟು ಅದೆಲ್ಲವನ್ನೂ ಮತ್ತೊಂದು ಸಲ ಮೊದಲಿನಿಂದ ಶುರುಮಾಡಿದರು. ಅದು ಯಾವ ಮಷೀನಿಗೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.