ಹದಿಮೂರು ದಿನದ ಬಡಿಗತನ

ಕಟ್ಟಿಗೆಯ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ಅರವತ್ತು ವರ್ಷ ನಂಬಿದ್ದೆ. ಅದಕ್ಕೆ ಆಧಾರವೂ ಇತ್ತು. ನೌಕರಿಯ ಬಹುಭಾಗವನ್ನು ನಾನು ಬೀಳಗಿಯ ಮುಳುಗಡೆ ಕಚೇರಿಯಲ್ಲಿ ಕಳೆದವನು. ಆಣೆಕಟ್ಟಿನ ಹಿನ್ನೀರಿಗೆ ಹೋಗಲಿರುವ ಊರುಗಳಲ್ಲಿ ಮನೆಮನೆ ಹೊಕ್ಕು, ಬಾಗಿಲೆಷ್ಟು, ಕಿಟಕಿಯೆಷ್ಟು, ಕಂಬ ಸಾಗವಾನಿಯೋ ಬೇವೋ ಜಾಲಿಯೋ ಎಂದು ರಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ನಾನು ಬರೆದ ಬಾಗಿಲುಗಳನ್ನು ಸಾಲಾಗಿ ನಿಲ್ಲಿಸಿದರೆ ರಬಕವಿಯಿಂದ ಜಮಖಂಡಿ ಮುಟ್ಟುತ್ತವೆ. ಒಂದನ್ನೂ ಮಾಡಿದವನಲ್ಲ, ನಿಜ. ಆದರೆ ಬರೆದವನಿಗೆ ಗೊತ್ತಿಲ್ಲದ್ದು ಮಾಡಿದವನಿಗೇನು ಗೊತ್ತು ಎಂಬುದು ನಮ್ಮ ಗುಮಾಸ್ತರ ಕುಲದ ಗಟ್ಟಿ ನಂಬಿಕೆ.

ನಿವೃತ್ತನಾಗಿ ರಬಕವಿಯ ಮನೆಗೆ ಬಂದು ಕೂತ ಮೊದಲ ವಾರ ನನ್ನ ಹೆಂಡತಿ ಗೌರವ್ವ ಹೋಳಿಗೆ ಮಾಡಿ ಹಾಕಿದಳು. ಎರಡನೇ ವಾರ ಚಹಾ ಕೊಟ್ಟಳು. ಮೂರನೇ ವಾರದಿಂದ ಕಸಬರಿಗೆ ಹಿಡಿದು ಬಂದು, ಕಾಲು ಎತ್ತಿರಿ, ಇತ್ತಕಡೆ ಸರೀರಿ, ಅತ್ತಕಡೆ ಸರೀರಿ ಎನ್ನತೊಡಗಿದಳು. ಒಂದೇ ಪೇಪರನ್ನು ದಿನಕ್ಕೆ ಮೂರು ಸಲ ಓದಿ, ನಿಧನ ವಾರ್ತೆಗಳಲ್ಲಿ ಪರಿಚಯದವರನ್ನು ಹುಡುಕುತ್ತ ನಾನು ಕಾಲ ಕಳೆಯುತ್ತಿದ್ದೆ.

ಆಗ ಮೊಬೈಲಿನಲ್ಲಿ ಒಂದು ವಿಡಿಯೋ ಕಂಡಿತು. ಯಾವುದೋ ದೇಶದ ಬಿಳಿಗಡ್ಡದ ಅಜ್ಜ ಒಂದು ಸಣ್ಣ ಯಂತ್ರದ ಮುಂದೆ ಕೂತು, ತೆಳು ಹಲಗೆಯನ್ನು ಅತ್ತಿತ್ತ ತಿರುಗಿಸುತ್ತಿದ್ದ. ಎಳೆಯಂಥ ಗರಗಸ ಟಕಟಕ ಮೇಲೆ ಕೆಳಗೆ ಓಡುತ್ತಿತ್ತು. ಐದು ನಿಮಿಷದಲ್ಲಿ ಹಲಗೆಯೊಳಗಿಂದ ಒಂದು ಜಿಂಕೆ ಎದ್ದು ಬಂತು! ಯಂತ್ರದ ಹೆಸರು ಸ್ಕ್ರೋಲ್ ಸಾ. ಜಮಖಂಡಿಯ ಹಾರ್ಡ್‌ವೇರ್ ಅಂಗಡಿಯವನಿಗೆ ಹೇಳಿ ತರಿಸಿಯೇ ಬಿಟ್ಟೆ.

ಅದೇ ಹೊತ್ತಿಗೆ ಮುಧೋಳಕ್ಕೆ ಕೊಟ್ಟ ಮಗಳು ಸುಮಿತ್ರಾ ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಳು. ತೊಟ್ಟಿಲು ಕೊಡುವುದು ತವರಿನ ಹಕ್ಕು. ಪೇಟೆಯ ತೊಟ್ಟಿಲು ಬೇಡ, ನಾನೇ ಮಾಡುತ್ತೇನೆ, ಗಿಣಿ ಬಳ್ಳಿ ಎಲ್ಲ ಕೊರೆದು ಮಾಡುತ್ತೇನೆ ಎಂದು ಘೋಷಿಸಿದೆ. ಮನೆಯಲ್ಲಿ ಎಲ್ಲರೂ ಇದನ್ನು ನಿವೃತ್ತರ ಹುಚ್ಚು ಎಂದುಕೊಂಡರು. ನನಗೆ ಬೇರೆ ಕಾರಣವಿತ್ತು. ಸುಮಿ ಹುಟ್ಟಿದಾಗ ನಾನು ಹಿನ್ನೀರಿನ ದಂಡೆಯ ಯಾವುದೋ ಊರಲ್ಲಿ ಯಾರದೋ ಕಿಟಕಿ ಬರೆಯುತ್ತಿದ್ದೆ. ರಜೆ ಸಿಗಲಿಲ್ಲ. ಅವಳ ಹೆಸರಿಡುವ ದಿನವೂ ಬರಲಿಲ್ಲ. ಒಂದೂವರೆ ತಿಂಗಳ ಕೂಸನ್ನು ನೋಡಲು ಹೋದರೆ ನನ್ನ ಮುಖ ನೋಡಿ ಅದು ಚೀರಿತು. ಆ ದಿನ ಗೌರವ್ವ ಏನೂ ಅನ್ನಲಿಲ್ಲ. ಅಂದಿದ್ದರೆ ಇಷ್ಟು ವರ್ಷ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲವೇನೋ. ಈ ಸಲ ಮೊಮ್ಮಗುವಿನ ಕೆಲಸದಲ್ಲಿ ನನ್ನ ಕೈ ಇರಲೇಬೇಕು ಎಂದು ನಾನು ಹಟ ತೊಟ್ಟಿದ್ದೆ.

ಆದರೆ ಮೊದಲ ತಕರಾರು ಗೌರವ್ವನಿಂದಲೇ ಬಂತು. ಕೂಸು ಹುಟ್ಟುವ ಮೊದಲು ತೊಟ್ಟಿಲ ಕಟ್ಟಿಗೆ ಮನೆಯೊಳಗೆ ಬರಬಾರದು, ಅಪಶಕುನ.

“ಬರೇ ಹಲಗಿ ತರತೇನಿ. ತೊಟ್ಟಿಲಾ ಆಮ್ಯಾಲ ಮಾಡತೇನಿ” ಅಂದೆ.

“ಹಲಗೀನೂ ಬರಾಂಗಿಲ್ಲ. ಆ ಮಷೀನ್ ಬಂದದ್ದ ಜಾಸ್ತಿ ಆತು” ಅಂದಳು.

ಹೀಗಾಗಿ ಯಂತ್ರವಿದ್ದೂ ಕಟ್ಟಿಗೆಯಿಲ್ಲದ ಬಡಿಗನಾಗಿ ನಾನು ಪಡಸಾಲೆಯಲ್ಲಿ ಎರಡು ತಿಂಗಳು ಕೂತೆ. ದಿನಾಲೂ ಯಂತ್ರದ ಧೂಳು ಒರೆಸುತ್ತಿದ್ದೆ. ನೋಡುವುದಕ್ಕೆ ಅದು ಥೇಟ್ ಹೊಲಿಗೆ ಮಷೀನಿನ ಹಾಗೇ ಇತ್ತು. ಒಂದು ದಿನ ಓಣಿಯ ಕಸ್ತೂರೆವ್ವ ಎರಡು ಕುಪ್ಪಸದ ಖಣ ಹಿಡಿದುಕೊಂಡು ಬಂದು, ಹಬ್ಬದೊಳಗೆ ಆಗುತ್ತದೆಯೇ ಎಂದು ಕೇಳಿದಳು. ಇದರಲ್ಲಿ ಬಟ್ಟೆ ಹೊಲಿಯುವುದಿಲ್ಲ, ಕಟ್ಟಿಗೆ ಕೊಯ್ಯುವುದು ಎಂದು ವಿವರಿಸಿದೆ. ಕಟ್ಟಿಗೆ ಎಲ್ಲಿದೆ ಎಂದಳು. ಇನ್ನೂ ಬಂದಿಲ್ಲ ಎಂದೆ. ಪಾಪ, ನನ್ನನ್ನು ಒಂದು ಗಳಿಗೆ ನೋಡಿ, ಒಳಗೆ ಹೋಗಿ ಗೌರವ್ವನ ಹತ್ತಿರ ನನ್ನ ಆರೋಗ್ಯ ವಿಚಾರಿಸಿಕೊಂಡು ಹೋದಳು.

ಕೂಸು ಜಮಖಂಡಿಯ ಆಸ್ಪತ್ರೆಯಲ್ಲಿ ಹುಟ್ಟಿತು. ಹೆಣ್ಣು. ನನ್ನ ಬೆರಳು ಹಿಡಿದುಕೊಂಡು ಮಲಗಿಬಿಟ್ಟಿತು. ಆ ಬೆರಳನ್ನು ಬಿಡಿಸಿಕೊಳ್ಳುವುದಕ್ಕೆ ನನಗೆ ಮನಸ್ಸೇ ಬರಲಿಲ್ಲ. ಆದರೆ ಹೆಸರಿಡುವುದು ಹದಿಮೂರನೇ ದಿನ. ಆಸ್ಪತ್ರೆಯಿಂದ ನೇರ ಪ್ಲೈವುಡ್ ಅಂಗಡಿಗೆ ಓಡಿದೆ. ಒಂದು ಮಗ್ಗಲಿಗೆ ಮಾತ್ರ ಸಾಗವಾನಿಯ ಚೆಂದದ ಹೊದಿಕೆಯಿದ್ದ ತೆಳು ಪ್ಲೈವುಡ್ ಆರಿಸಿ, ಜೊತೆಗೆ ಸಾದಾ ಪ್ಲೈವುಡ್ಡಿನದೊಂದು ತುಂಡೂ ತೆಗೆದುಕೊಂಡು, ಅಟೋದಲ್ಲಿ ಹೇರಿಕೊಂಡು ಕೂಸಿಗಿಂತ ಮೊದಲು ಮನೆಗೆ ತಂದೆ.

ಮೊದಲ ದಿನ ಯಂತ್ರ ಚಾಲೂ ಮಾಡಿ ಹಲಗೆ ಒಡ್ಡಿದರೆ, ಹಲಗೆ ಕುಣಿಯತೊಡಗಿತು. ಒತ್ತಿ ಹಿಡಿದೆ. ನನ್ನನ್ನೂ ಕುಣಿಸಿತು. ಚಸ್ಮಾ ಹಾರಿ ತುಳಸಿ ಕಟ್ಟೆಯ ಮೇಲೆ ಬಿತ್ತು. ಹೊಸ ಯಂತ್ರ, ಇನ್ನೂ ರೂಢಿಯಾಗಬೇಕು ಎಂದು ಸಮಾಧಾನ ಮಾಡಿಕೊಂಡು ಸಂಜೆತನಕ ಕುಣಿದೆ. ಏಳು ಗರಗಸದ ಎಳೆಗಳು ಮುರಿದವು. ಓಣಿಯ ತುದಿಯಲ್ಲಿ ಅಂಗಡಿ ಇಟ್ಟ ಬಡಿಗೇರ ಮೌನೇಶಪ್ಪ ಎಲೆ ಅಡಿಕೆ ಮೆಲ್ಲುತ್ತ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಕಡೆಗೆ ಬಾಯಿ ಖಾಲಿ ಮಾಡಿಕೊಂಡು ಬಂದು ಹೇಳಿದ.

“ಸಾಹೇಬ್ರ, ಗರಗಸಾ ತಿರುವಿ ಹಾಕೀರಿ. ಹಲ್ಲು ಕೆಳಗ ಮಾರಿ ಮಾಡಿರಬೇಕರಿ.”

ಪರೀಕ್ಷೆಗಾಗಿ ಹಾಗೆ ಹಾಕಿದ್ದೆ ಎಂದು ಹೇಳಿದೆ. ಅವನು ದೊಡ್ಡ ಮನುಷ್ಯ, ನಗಲಿಲ್ಲ.

ಎರಡನೆಯದು ಗಿಣಿಯ ಕಣ್ಣು. ಕಣ್ಣು ಹಲಗೆಯ ನಡುವೆ ಇರುತ್ತದೆ, ಗರಗಸ ಇರುವುದು ಅಂಚಿನಲ್ಲಿ. ಕಣ್ಣಿಗೆ ಹೋಗುವ ದಾರಿ ಯಾವುದು? ಸಾಕಷ್ಟು ಯೋಚಿಸಿ ಕುತ್ತಿಗೆಯ ಮೂಲಕ ಹೋದೆ. ಕಣ್ಣೇನೋ ಆಯಿತು, ರುಂಡ ಕೆಳಗೆ ಬಿತ್ತು. ಮರುದಿನ ಮೌನೇಶಪ್ಪ ಮತ್ತೆ ಬಂದು, ಮೊದಲು ಸಣ್ಣ ತೂತು ಹೊಡೆದು, ಗರಗಸ ಬಿಚ್ಚಿ ಅದರೊಳಗೆ ಪೋಣಿಸಿ, ಆಮೇಲೆ ಕೊಯ್ಯಬೇಕು ಎಂದು ತೋರಿಸಿದ. ಪೋಣಿಸುವುದು ನನ್ನ ಕಣ್ಣಿಗೂ ಕೈಗೂ ಬಗೆಹರಿಯದ ವ್ಯವಹಾರ. ಅರ್ಧ ತಾಸು ತಿಣುಕಾಡಿದೆ. ಬಾಣಂತಿಗೆ ಖಾರ ಅರೆಯುತ್ತಿದ್ದ ಗೌರವ್ವ ಎದ್ದು ಬಂದಳು. ಅವಳು ನೇಕಾರರ ಮನೆಯ ಮಗಳು, ಹತ್ತು ವರ್ಷದವಳಿದ್ದಾಗಿಂದ ಮಗ್ಗದಲ್ಲಿ ಹರಿದ ಎಳೆ ಗಂಟು ಹಾಕಿದವಳು. ಸುಮಿಯ ಜೊತೆ ಮಾತಾಡುತ್ತ, ಇತ್ತ ನೋಡದೇ ಒಂದೇ ಸಲಕ್ಕೆ ಪೋಣಿಸಿಬಿಟ್ಟಳು.

ಅಂದಿನಿಂದ ಅವಳು ಪೋಣಿಸುವುದು, ನಾನು ಕೊಯ್ಯುವುದು. ಅಕ್ಕಪಕ್ಕದ ಪಾವರ್‌ಲೂಮುಗಳ ಸದ್ದಿಗೆ ನಮ್ಮ ಯಂತ್ರದ ಸದ್ದೂ ಸೇರಿ ಮಾತು ಕೇಳಿಸುತ್ತಿರಲಿಲ್ಲ. ಅವಳು ಕೈಸನ್ನೆ ಮಾಡಿ ನಿಲ್ಲಿಸ್ರಿ ಅನ್ನುವಳು, ನಿಲ್ಲಿಸುತ್ತಿದ್ದೆ. ಕರೆಂಟು ಹೋದಾಗ ಇಡೀ ಓಣಿಯೇ ಗಪ್ಪಾಗುತ್ತಿತ್ತು. ಆಗ ಇಬ್ಬರೂ ಕೂತು ಚಹಾ ಕುಡಿಯುವೆವು. ಮದುವೆಯಾಗಿ ಮೂವತ್ತು ವರ್ಷ ದಾಟಿದ್ದರೂ ನಾವಿಬ್ಬರೂ ಒಂದೇ ಕೆಲಸಕ್ಕೆ ಎದುರುಬದುರು ಕೂತದ್ದು ಅದೇ ಮೊದಲು. ಆ ನಾಲ್ಕಾರು ದಿನ ನಾನು ಬಹಳ ಸುಖವಾಗಿದ್ದೆ.

ಸುಖದಲ್ಲಿ ಎಡವುವುದು ಹೆಚ್ಚು. ತೊಟ್ಟಿಲ ಮುಂಭಾಗಕ್ಕೆ ಎದುರುಬದುರು ಎರಡು ಗಿಣಿ ಬೇಕಾಗಿದ್ದವು, ಒಂದರ ಮುಖ ಎಡಕ್ಕೆ, ಇನ್ನೊಂದರದು ಬಲಕ್ಕೆ. ಚಿತ್ರದ ಕಾಗದವನ್ನು ಹಲಗೆಗೆ ಅಂಟಿಸಿ ಗೆರೆಯ ಮೇಲೆ ಕೊಯ್ಯಬೇಕು. ನೇಕಾರನಾಗಿದ್ದ ನಮ್ಮ ಅಪ್ಪನ ಮಗ್ಗದಲ್ಲಿ ಸೀರೆಯನ್ನು ಬೋರಲು ನೇಯುತ್ತಿದ್ದರು. ಗಂಟು ಗೋಜಲು ಮೇಲೆ, ಚೆಂದವೆಲ್ಲ ನೆಲದ ಕಡೆಗೆ. ಆ ರೂಢಿಯಲ್ಲೇ ನಾನು ಎಡಕ್ಕೆ ನೋಡುವ ಮೊದಲ ಗಿಣಿಗೆ ಸಾಗವಾನಿಯ ಚೆಂದದ ಮಗ್ಗಲನ್ನು ಕೆಳಗೆ ಮಾಡಿ, ಹಿಂಬದಿಗೆ ಕಾಗದ ಅಂಟಿಸಿ ಕೊಯ್ದೆ. ಎರಡನೇ ಗಿಣಿಯ ಹೊತ್ತಿಗೆ ಮೌನೇಶಪ್ಪ ಕಂಡು, ಚೆಂದದ ಮಗ್ಗಲು ಮೇಲಿರಬೇಕು ಎಂದ. ಅವನ ಮಾತಿನಂತೆ ಎರಡನೆಯದನ್ನು ಮೇಲಿಂದಲೇ ಕೊಯ್ದೆ. ಕಾಗದ ಕಿತ್ತು, ಮೊದಲನೆಯದನ್ನು ಹೊರಳಿಸಿ, ಎರಡನ್ನೂ ಜೋಡಿಸಿ ಇಟ್ಟು ಸುಮಿಯನ್ನು ಕರೆದೆ. ಎರಡೂ ಬಲಕ್ಕೇ ನೋಡುತ್ತಿದ್ದವು! ಮುಂದಿನದು ತನ್ನ ಪಾಡಿಗೆ ಹೊರಟಿತ್ತು. ಹಿಂದಿನದು ಅದರ ಬಾಲ ನೋಡುತ್ತ ನಿಂತಿತ್ತು. ಹೊರಳಿಸಿದರೆ ಬರಿ ಪ್ಲೈವುಡ್ಡಿನ ಬೋಳು ಮಗ್ಗಲು. ಹೊಸದಾಗಿ ಮಾಡಲು ಸಾಗವಾನಿ ಹಲಗೆ ಮುಗಿದಿತ್ತು, ದಿನಗಳೂ ಮುಗಿಯುತ್ತ ಬಂದಿದ್ದವು.

ತಲೆ ಮೇಲೆ ಕೈ ಹೊತ್ತು ಕೂತೆ. ಗೌರವ್ವ ಬಂದು ಗಿಣಿಗಳನ್ನು ಬಹಳ ಹೊತ್ತು ನೋಡಿದಳು.

“ಇರ್ಲಿ ಬಿಡ್ರಿ” ಅಂದಳು. “ಒಂದು ಮುಂದ ಹೊಂಟೈತಿ, ಒಂದು ಬೆನ್ನ ಹತ್ತೈತಿ. ನಮ್ಮ ಸಂಸಾರಾನೂ ಹಂಗ ನಡದೈತಲ್ಲ.”

ಯಾವುದು ನಾನು ಎಂದು ಕೇಳುವ ಧೈರ್ಯ ಆಗಲಿಲ್ಲ.

ಗಿಣಿಯ ಅವಮಾನವನ್ನು ತೊಳೆಯಬೇಕಿತ್ತು. ಮೌನೇಶಪ್ಪ ಗಟ್ಟಿ ಬೇವಿನ ಚೌಕಟ್ಟು ಮಾಡಿ, ಗಿಣಿ ಜಡಿದು, ಮೇಲಿನ ತೊಲೆಗೆ ಸರಪಳಿಯಲ್ಲಿ ತೂಗಿಬಿಟ್ಟು, ಇನ್ನು ತಳದ ಹಲಗೆ ತಾನೇ ಕೂಡಿಸುತ್ತೇನೆ ಎಂದ. ತಳವನ್ನಾದರೂ ನಾನು ಮಾಡುತ್ತೇನೆ ಎಂದು ಹಟ ಹಿಡಿದೆ. ಅಷ್ಟು ಹೊತ್ತಿಗೆ ನನಗೆ ಒಳಗೆ ಕೊಯ್ಯುವ ವಿದ್ಯೆ ಪೂರ್ತಿ ಕೈವಶವಾಗಿತ್ತು. ಬೇಸಿಗೆ ದಿನ, ಕೂಸಿನ ಬೆನ್ನಿಗೆ ಗಾಳಿ ಆಡಲಿ ಎಂದು ಉಳಿದ ಸಾದಾ ಪ್ಲೈವುಡ್ಡಿನ ತಳದಲ್ಲಿ ಒಂದು ಮಲ್ಲಿಗೆ ಹೂ ಕೊರೆದೆ. ಚೆಂದ ಕಂಡಿತು. ಇನ್ನೊಂದು ಕೊರೆದೆ. ಗೌರವ್ವ ಪೋಣಿಸಿ ಕೊಟ್ಟಂತೆಲ್ಲ ಹೂ ಬಿಡುತ್ತ ಹೋದೆ. ನಲವತ್ತನೇ ಹೂವಿಗೆ ನಿಲ್ಲಿಸಿದ್ದು ಜಾಗ ಮುಗಿದದ್ದರಿಂದ. ಸದರಿ ತಳವನ್ನು ನಾನೇ ಸ್ವಹಸ್ತದಿಂದ ಮೊಳೆ ಹೊಡೆದು ಕೂಡಿಸಿದೆ. ತಕ್ಷಣ ಮೇಲೆ ಕೌದಿ ಹಾಸಿದ್ದರಿಂದ ಮೌನೇಶಪ್ಪನ ಕಣ್ಣಿಗೆ ಅದು ಬೀಳಲೇ ಇಲ್ಲ.

ಹದಿಮೂರನೇ ದಿನ ಮುಧೋಳದ ಬೀಗರು ಬಂದರು. ಪಡಸಾಲೆ ತುಂಬ ಹೆಣ್ಣುಮಕ್ಕಳು. ಬೀಗತಿ ಗಿಣಿಗಳನ್ನು ನೋಡಿ ಒಂದು ಗಳಿಗೆ ತಲೆ ಓರೆ ಮಾಡಿದಳು, ಆದರೆ ಛಲೋ ಅದಾವ ಅಂದಳು. ಗೌರವ್ವ ನಾಲ್ಕು ಜನರ ನಡುವೆ ನಿಂತು, ನಮ್ಮವರೇ ಮಾಡಿದ್ದು, ಹದಿಮೂರು ದಿನ ಊಟದ ಮೇಲೂ ಲಕ್ಷ್ಯ ಇರಲಿಲ್ಲ ಅಂದಳು. ಅವಳು ನನ್ನ ಬಗ್ಗೆ ಹಾಗೆ ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ಬಾಗಿಲ ಬಳಿ ನಿಂತು ನಾನೂ ಸ್ವಲ್ಪ ಉಬ್ಬಿದೆ.

ಕೂಸಿಗಿಂತ ಮೊದಲು ತೊಟ್ಟಿಲಿಗೆ ಗುಂಡಪ್ಪನನ್ನು ಹಾಕುವುದು ನಮ್ಮಲ್ಲಿ ಪದ್ಧತಿ. ಗುಂಡಪ್ಪ ಅಂದರೆ ಖಾರ ಅರೆಯುವ ಗುಂಡುಕಲ್ಲು. ಕೂಸು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು ಅದಕ್ಕೆ ಕುಂಕುಮ ಹಚ್ಚಿ, ಕೂಸಿನ ಕುಂಚಿಗೆ ತೊಡಿಸಿ, ತೊಟ್ಟಿಲ ಕೆಳಗಿಂದ ಮೇಲಿಂದ ಸಾಗಿಸಿ ಒಳಗೆ ಮಲಗಿಸುತ್ತಾರೆ. ನಮ್ಮ ಗುಂಡಪ್ಪ ಹಳೆಯ ಕಾಲದವನು, ಇಬ್ಬರು ಹಿಡಿದು ಎತ್ತಬೇಕು. ಬೀಗತಿ ಮತ್ತು ಕಸ್ತೂರೆವ್ವ ಅವನನ್ನು ಮೆಲ್ಲಗೆ ಮಲಗಿಸಿ ಜೋಗುಳ ಎತ್ತಿದರು. ಮೊದಲ ತೂಗಿಗೆ ಚರ್ ಎಂದಿತು. ಎರಡನೇ ತೂಗಿಗೆ ನಲವತ್ತು ಮಲ್ಲಿಗೆ ಒಂದೇ ಮಲ್ಲಿಗೆಯಾಯಿತು. ಗುಂಡಪ್ಪ ಕೌದಿ ಸಮೇತ ಕೆಳಗಿಳಿದು, ಹಂಚುವುದಕ್ಕೆಂದು ಇಟ್ಟಿದ್ದ ಗುಗ್ಗರಿಯ ಬುಟ್ಟಿಯಲ್ಲಿ ವಿರಾಜಮಾನನಾದ. ಕಡಲೆ ಬೀಗರ ತಲೆಯ ಪಟಗದವರೆಗೆ ಹಾರಿತು.

ನಾನು ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟೆ. ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಭಯ. ಕಲ್ಲಿನ ಜಾಗದಲ್ಲಿ ಕೂಸು ಇದ್ದಿದ್ದರೆ? ನನ್ನ ಬೆರಳು ಹಿಡಿದು ಮಲಗಿದ್ದ ಕೂಸು. ಕಣ್ಣು ತುಂಬಿ ಬಂದದ್ದು ಬೀಗರಿಗೆ ಕಾಣಬಾರದು ಎಂದು ನೆಲದ ಮೇಲಿನ ಕಡಲೆ ಆರಿಸತೊಡಗಿದೆ.

ಗೌರವ್ವ ಒಳಗೆ ಹೋಗಿ ಟ್ರಂಕಿನಿಂದ ತನ್ನ ಧಾರೆ ಸೀರೆ ತಂದಳು. ನಮ್ಮ ಅಪ್ಪ ಸೊಸೆಗೆಂದು ತಾನೇ ನೇಯ್ದ ಸೀರೆ. ಮೌನೇಶಪ್ಪನನ್ನು ಕರೆಸಿ ತೊಟ್ಟಿಲನ್ನು ಇಳಿಸಿ, ಅದೇ ಸರಪಳಿಗೆ ಸೀರೆಯ ಜೋಲಿ ಕಟ್ಟಿಸಿದಳು. ಗುಂಡಪ್ಪನನ್ನು ಗುಗ್ಗರಿಯಿಂದ ಎಬ್ಬಿಸಿ ಜೋಲಿಗೆ ಹಾಕಿ ತೂಗಿದರು. ಜೋಲಿ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಕೂಸನ್ನು ಹಾಕಿದರು, ಸೋದರತ್ತೆ ಕಿವಿಯಲ್ಲಿ ಹೆಸರು ಊದಿದಳು, ಹಾಡು ಮುಗಿಯಿತು, ಎಲ್ಲರೂ ಊಟಕ್ಕೆ ಎದ್ದರು. ನಾನು ಇನ್ನೂ ಕಡಲೆ ಆರಿಸುತ್ತಿದ್ದೆ.

ಗೌರವ್ವ ಬಂದು ನನ್ನ ಕೈಯೊಳಗಿನ ಕಡಲೆ ತೆಗೆದುಕೊಂಡು, ಜೋಲಿಯ ಹಗ್ಗ ಇಟ್ಟಳು.

“ತೊಟ್ಟಿಲಾ ಮುರದ್ರ ಮುರೀಲಿ. ತೂಗಾಕ ಕೈ ಬೇಕಲ್ಲ, ಅವ ಗಟ್ಟಿ ಅದಾವ. ಮೊಮ್ಮಗಳನ್ನ ಮಲಗಿಸ್ರಿ, ನಾ ಬೀಗರಿಗೆ ಬಡಸತೇನಿ.”

ಹಗ್ಗ ಹಿಡಿದು ಕೂತೆ. ಜೋಲಿ ಹೋಯಿತು, ಬಂತು. ಹೋಯಿತು, ಬಂತು. ಒಬ್ಬ ಮನುಷ್ಯನ ಜೀವನದಲ್ಲಿ ಇದಕ್ಕಿಂತ ದೊಡ್ಡ ಹುದ್ದೆ ಇಲ್ಲ ಎನ್ನಿಸಿ, ಬೆನ್ನು ನೆಟ್ಟಗೆ ಮಾಡಿ, ಜವಾಬ್ದಾರಿಯಿಂದ ತೂಗಿದೆ.

ಊಟ ಮುಗಿಸಿ ಬಂದ ಬೀಗತಿ ಬಾಗಿಲಲ್ಲೇ ನಿಂತು ಎಲ್ಲರನ್ನೂ ಕೈಮಾಡಿ ಕರೆದಳಂತೆ. ಕೂಸು ಜೋಲಿಯಲ್ಲಿ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ಸೀರೆಯ ಅಂಚು ನೋಡುತ್ತ ಪೂರಾ ಎಚ್ಚರವಿತ್ತಂತೆ. ಹಗ್ಗ ಕೈಯಲ್ಲಿ ಹಿಡಿದುಕೊಂಡೇ, ಬಾಯಿ ತೆರೆದು ಗೊರಕೆ ಹೊಡೆಯುತ್ತ ಮಲಗಿದ್ದವನು ನಾನು.